ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006: ಮೂರನೇ ಸೆಕ್ಷನ್ ಹಿಡಿದು ಓದುವ ಟಿಪ್ಪಣಿ

ಈ ಕಾಯ್ದೆಯಲ್ಲಿ 101 ಸೆಕ್ಷನ್‌ಗಳಿವೆ. ಅದರ ಬೆನ್ನಿಗೆ ನಿಯಮಗಳು, ವಿನಿಯಮಗಳು, ಮೇಲಿಂದ ಮೇಲೆ ಬರುವ ತಿದ್ದುಪಡಿಗಳು. ಪರೀಕ್ಷೆಗೆ ಓದುವವರು ಸಾಮಾನ್ಯವಾಗಿ ದಂಡದ ಪಟ್ಟಿಯನ್ನು ಬಾಯಿಪಾಠ ಮಾಡಲು ಹೊರಡುತ್ತಾರೆ: 50ಕ್ಕೆ ಇಷ್ಟು, 51ಕ್ಕೆ ಇಷ್ಟು, 52ಕ್ಕೆ ಇಷ್ಟು. ವಾರ ಕಳೆಯುವುದರೊಳಗೆ ಎಲ್ಲವೂ ಕಲಸಿಹೋಗಿರುತ್ತದೆ. ನನ್ನ ಸಲಹೆ ಬೇರೆ. 3ನೇ ಸೆಕ್ಷನ್‌ನ ವ್ಯಾಖ್ಯೆಗಳಲ್ಲಿ ಮೂರನ್ನು ಮೊದಲು ಗಟ್ಟಿ ಮಾಡಿಕೊಳ್ಳಿ: ಅಸುರಕ್ಷಿತ ಆಹಾರ, ಕಳಪೆ ಗುಣಮಟ್ಟದ ಆಹಾರ, ಮಿಸ್‌ಬ್ರ್ಯಾಂಡೆಡ್ (ಲೇಬಲ್ಲಿನಲ್ಲಿ ತಪ್ಪಿರುವ) ಆಹಾರ. ಒಂದು ತಪ್ಪು ಈ ಮೂರರಲ್ಲಿ ಯಾವುದಕ್ಕೆ ಸೇರುತ್ತದೆ ಎಂದು ಗೊತ್ತಾದರೆ, ಪ್ರಕರಣ ಯಾರ ಮುಂದೆ ಹೋಗುತ್ತದೆ, ಜೈಲು ಉಂಟೋ ಇಲ್ಲವೋ, ದಂಡ ಯಾವ ಅಂದಾಜಿನದು ಎಂಬುದೆಲ್ಲ ಅದರ ಹಿಂದೆಯೇ ಬರುತ್ತದೆ.

ಉದಾಹರಣೆಗೆ ಹಾಲನ್ನೇ ತೆಗೆದುಕೊಳ್ಳೋಣ. ಟೋನ್ಡ್ ಹಾಲಿನಲ್ಲಿ ಕನಿಷ್ಠ ಶೇ 3 ಕೊಬ್ಬು, ಶೇ 8.5 ಕೊಬ್ಬೇತರ ಘನಾಂಶ ಇರಬೇಕು. ಶುದ್ಧ ನೀರು ಬೆರೆಸಿ ಘನಾಂಶ ಶೇ 7.8ಕ್ಕೆ ಇಳಿದರೆ ಗ್ರಾಹಕನಿಗೆ ಮೋಸವಾಯಿತು, ಆದರೆ ಅವನ ಆರೋಗ್ಯ ಕೆಡಲಿಲ್ಲ. ಅದು ಕಳಪೆ. ಅದೇ ಘನಾಂಶವನ್ನು ತೋರಿಕೆಗೆ ಮೇಲೆತ್ತಲು ಯೂರಿಯಾವನ್ನೋ ಡಿಟರ್ಜೆಂಟನ್ನೋ ಸೇರಿಸಿದರೆ ಅದು ಅಸುರಕ್ಷಿತ. ಹಾಲು ಚೆನ್ನಾಗಿಯೇ ಇದೆ, ಆದರೆ ಟೋನ್ಡ್ ಹಾಲನ್ನು ಫುಲ್ ಕ್ರೀಂ ಎಂದು ಬರೆದ ಪೊಟ್ಟಣದಲ್ಲಿ ತುಂಬಿದ್ದಾರೆ ಎಂದಾದರೆ ಮಿಸ್‌ಬ್ರ್ಯಾಂಡೆಡ್. ಇಲ್ಲಿ ಘನಾಂಶದ ಮಾನದಂಡವೂ ತಪ್ಪಿರುತ್ತದಲ್ಲ, ಕಳಪೆಯೂ ಆಗುವುದಿಲ್ಲವೇ ಎಂದು ಕೇಳಿದರೆ ಆಗುತ್ತದೆ. ಒಂದೇ ಪೊಟ್ಟಣ ಎರಡು ವ್ಯಾಖ್ಯೆಗಳಿಗೆ ಸಿಗುವುದು ದಿನನಿತ್ಯದ ಸಂಗತಿ.

ವ್ಯಾಖ್ಯೆಗಳ ಮಾತನ್ನು ಕಣ್ಣಿಟ್ಟು ಓದಬೇಕು. ಮಾನದಂಡಕ್ಕಿಂತ ಕೆಳಗೆ ಇಳಿದಿದ್ದರೂ ಅಸುರಕ್ಷಿತ ಎನ್ನುವ ಮಟ್ಟಕ್ಕೆ ಹೋಗದಿದ್ದರೆ ಮಾತ್ರ ಕಳಪೆ ಎಂದು ಕಾಯ್ದೆಯೇ ಹೇಳುತ್ತದೆ. ಅಸುರಕ್ಷಿತ ಎಂಬುದರ ವ್ಯಾಖ್ಯೆ ಆರಂಭವಾಗುವುದು ಆಹಾರದ ಸ್ವರೂಪ, ಸತ್ವ ಅಥವಾ ಗುಣಮಟ್ಟ ಆರೋಗ್ಯಕ್ಕೆ ಹಾನಿಕರವಾಗುವಷ್ಟು ಕೆಟ್ಟಿರಬೇಕು ಎಂಬ ಷರತ್ತಿನಿಂದ. ಅನುಮತಿಯಿಲ್ಲದ ಬಣ್ಣ, ಹುಳುಹುಪ್ಪಟೆ, ಕೊಳಕು ಜಾಗದಲ್ಲಿ ತಯಾರಿಕೆ ಎಂಬ ಪಟ್ಟಿ ಬರುವುದು ಅದರ ಕೆಳಗೆ. ಪಟ್ಟಿಯಲ್ಲಿ ಮಿಸ್‌ಬ್ರ್ಯಾಂಡೆಡ್ ಮತ್ತು ಕಳಪೆ ಎಂಬವೂ ಇವೆ. ಹಾಗಾದರೆ ಪ್ರತಿ ತಪ್ಪು ಲೇಬಲ್ಲೂ ಅಸುರಕ್ಷಿತವೇ? ಅಲ್ಲ. ತಲೆಯ ಮೇಲಿನ ಷರತ್ತು ಇಡೀ ಪಟ್ಟಿಯನ್ನು ಹಿಡಿದಿದೆ. ಕಡಲೆಕಾಯಿ ಇದ್ದೂ ಲೇಬಲ್ಲಿನಲ್ಲಿ ಹೇಳದಿರುವುದು ಅಲರ್ಜಿಯವನ ಜೀವಕ್ಕೇ ಕುತ್ತು ತರಬಹುದು, ಅಂಥ ಕಡೆ ಲೇಬಲ್ಲಿನ ದೋಷವೂ ಅಸುರಕ್ಷಿತವಾಗಬಹುದು. ವಿಳಾಸದಲ್ಲಿ ಪಿನ್‌ಕೋಡ್ ಬಿಟ್ಟುಹೋದರೆ ಹಾಗಾಗುವುದಿಲ್ಲ.

ಇನ್ನೊಂದು ಸಂಗತಿ. 1954ರ ಕಲಬೆರಕೆ ತಡೆ ಕಾಯ್ದೆ ಓದಿ ಬಂದವರು ಇಲ್ಲಿ ‘ಕಲಬೆರಕೆ ಆಹಾರ’ ಎಂಬ ವರ್ಗವನ್ನು ಹುಡುಕುತ್ತಾರೆ. ಸಿಗುವುದಿಲ್ಲ. ಕಲಬೆರಕೆ ವಸ್ತು ಎಂದರೇನು ಎಂಬ ವ್ಯಾಖ್ಯೆ ಇದೆ, ಅದನ್ನು ಇಟ್ಟುಕೊಂಡರೆ 57ನೇ ಸೆಕ್ಷನ್ ದಂಡ ಹಾಕುತ್ತದೆ. ಆದರೆ ಆಹಾರವನ್ನು ಮೇಲಿನ ವರ್ಗಗಳಲ್ಲಿಯೇ ಗುರುತಿಸಬೇಕು. ಹಳೆಯ ಕಾಯ್ದೆಯೂ ಹಣ್ಣಿನ ಉತ್ಪನ್ನ, ಮಾಂಸ, ಹಾಲು, ಎಣ್ಣೆಗಳ ಬೇರೆ ಬೇರೆ ಆದೇಶಗಳೂ 2011ರ ಆಗಸ್ಟ್ 5ರಿಂದ ಇದರೊಳಗೆ ಲೀನವಾದವು. ಚರಿತ್ರೆ ಇಷ್ಟು ಸಾಕು.

ಗೋಬಿ ಮಂಚೂರಿಯ ಪಾಠ

2024ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಕಾಟನ್ ಕ್ಯಾಂಡಿಗೆ ರೊಡಮೈನ್-ಬಿ ಬಳಸುವುದನ್ನೂ ನಿಷೇಧಿಸಿತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅಂದು ಕೊಟ್ಟ ಲೆಕ್ಕದಂತೆ ಗೋಬಿಯ 171 ಮಾದರಿಗಳಲ್ಲಿ 107, ಕಾಟನ್ ಕ್ಯಾಂಡಿಯ 25ರಲ್ಲಿ 15 ಅಸುರಕ್ಷಿತವಾಗಿದ್ದವು. ಇದನ್ನು ವಿದ್ಯಾರ್ಥಿಗಳು ಸುದ್ದಿಯಾಗಿ ಓದಿ ಬಿಡುತ್ತಾರೆ. ಆದರೆ ಕಾಯ್ದೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ರೊಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ. ಯಾವ ತಿಂಡಿಗೂ ಎಷ್ಟು ಕಡಿಮೆ ಪ್ರಮಾಣದಲ್ಲೂ ಅನುಮತಿಯಿಲ್ಲ. ಗೋಬಿಯಲ್ಲಿ ಸಿಕ್ಕ ಟಾರ್ಟ್ರಜೀನ್ ಮತ್ತು ಸನ್‌ಸೆಟ್ ಯೆಲ್ಲೋ ಹಾಗಲ್ಲ. ಅವು ಅನುಮತಿ ಇರುವ ಬಣ್ಣಗಳು, ಲೇಬಲ್ಲಿನಲ್ಲಿ ಐಎನ್‌ಎಸ್ (ಆಹಾರಕ್ಕೆ ಸೇರಿಸುವ ವಸ್ತುಗಳ ಅಂತರರಾಷ್ಟ್ರೀಯ ಸಂಖ್ಯೆ) 102, 110 ಎಂದು ಬರುತ್ತವೆ. ಐಸ್‌ಕ್ರೀಂ, ಸಿಹಿತಿಂಡಿಗಳಂಥ ಕೆಲವು ಆಹಾರಗಳಿಗೆ ಮಿತಿಯೊಳಗೆ ಹಾಕಬಹುದು. ಹಾಗಿದ್ದರೆ ಗೋಬಿಯಲ್ಲಿ ತಪ್ಪೇನು? ಅನುಮತಿಯನ್ನು ಬಣ್ಣಕ್ಕೆ ಮಾತ್ರ ಕೊಡುವುದಿಲ್ಲ, ಇಂಥ ಆಹಾರಕ್ಕೆ ಇಂಥ ಬಣ್ಣ ಎಂದು ಜೋಡಿಯಾಗಿ ಕೊಡುತ್ತಾರೆ. ಬೀದಿಯಲ್ಲಿ ಕರಿದ ಹೂಕೋಸು ಆ ಪಟ್ಟಿಯಲ್ಲಿಲ್ಲ. ‘ಅಂಗಡಿಯಲ್ಲಿ ರಾಜಾರೋಷವಾಗಿ ಮಾರುವ ಬಣ್ಣವನ್ನೇ ಹಾಕಿದ್ದೇನೆ ಸ್ವಾಮಿ’ ಎಂದು ಗಾಡಿಯವನು ಹೇಳುವುದು ನಿಜವೇ ಇರಬಹುದು, ಆದರೆ ಅದು ಉತ್ತರವಾಗುವುದಿಲ್ಲ.

ಆಗ ಪತ್ರಿಕೆಗಳಲ್ಲಿ ಏಳು ವರ್ಷ ಜೈಲು, ಹತ್ತು ಲಕ್ಷ ದಂಡ ಎಂಬ ಮಾತು ದಪ್ಪಕ್ಷರದಲ್ಲಿ ಬಂದಿತ್ತು. 59ನೇ ಸೆಕ್ಷನ್ ತೆರೆದು ನೋಡಿ. ಅದು ಅಸುರಕ್ಷಿತ ಆಹಾರದ ಶಿಕ್ಷೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಟ್ಟಿದೆ: ಯಾರಿಗೂ ತೊಂದರೆಯಾಗದಿದ್ದರೆ ಎಲ್ಲಕ್ಕಿಂತ ಕಡಿಮೆ ಜೈಲು, ಸಣ್ಣ ಹಾನಿಯಾದರೆ ಒಂದು ವರ್ಷದವರೆಗೆ, ತೀವ್ರ ಹಾನಿಯಾದರೆ ಆರು ವರ್ಷದವರೆಗೆ, ಸಾವು ಸಂಭವಿಸಿದರೆ ಕನಿಷ್ಠ ಏಳು ವರ್ಷದಿಂದ ಜೀವಾವಧಿ ಮತ್ತು ಕನಿಷ್ಠ ಹತ್ತು ಲಕ್ಷ. ಅಂದರೆ ಆ ದಪ್ಪಕ್ಷರ ಕಡೆಯ ಮೆಟ್ಟಿಲಿನದು. ಪರೀಕ್ಷೆಯಲ್ಲಿ ಇದನ್ನು ಬಿಡಿಸಿ ಬರೆದವರಿಗೆ ಅಂಕ ಸಿಗುತ್ತದೆ. ಇಡೀ ರಾಜ್ಯಕ್ಕೆ ಅನ್ವಯಿಸುವಂತೆ ಒಂದು ಆಹಾರವನ್ನು ನಿಷೇಧಿಸುವ ಅಧಿಕಾರ ಎಲ್ಲಿದೆ ಎಂದು ಕೇಳಿದರೆ 30(2)(ಎ) ಎಂದು ಬರೆಯಿರಿ. ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ರಾಜ್ಯದ ಆಹಾರ ಸುರಕ್ಷತಾ ಆಯುಕ್ತರು ಹೆಚ್ಚೆಂದರೆ ಒಂದು ವರ್ಷದ ಮಟ್ಟಿಗೆ ನಿಷೇಧ ಹೊರಡಿಸಬಹುದು. ಹಲವು ರಾಜ್ಯಗಳಲ್ಲಿ ಗುಟ್ಕಾ ನಿಷೇಧವನ್ನು ವರ್ಷ ವರ್ಷ ಹೊಸದಾಗಿ ಹೊರಡಿಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ.

ಪರವಾನಗಿ ಮತ್ತು ಹದಿನಾಲ್ಕು ಅಂಕಿ

31ನೇ ಸೆಕ್ಷನ್ ಪ್ರಕಾರ ಪರವಾನಗಿ ಇಲ್ಲದೆ ಆಹಾರ ವ್ಯಾಪಾರ ಮಾಡುವಂತಿಲ್ಲ. ಸಣ್ಣವರಿಗೆ ಪರವಾನಗಿ ಬೇಡ, ನೋಂದಣಿ ಸಾಕು. 2011ರ ವಿನಿಯಮ ಸಣ್ಣವರು ಎಂಬುದಕ್ಕೆ ಎಳೆದ ಗೆರೆ ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟು. ವಹಿವಾಟಿನ ಗೆರೆಗಳು ತಿದ್ದುಪಡಿಯಲ್ಲಿ ಜರುಗುವಂಥವು, ಪರೀಕ್ಷೆಯ ವರ್ಷ ಚಾಲ್ತಿಯಲ್ಲಿರುವುದನ್ನು ನೋಡಿಕೊಂಡೇ ಬರೆಯಿರಿ.

ಪೊಟ್ಟಣದ ಮೇಲಿನ ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ (ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ) ಸಂಖ್ಯೆಯನ್ನು ಓದಲು ಕಲಿತರೆ ಅಡುಗೆಮನೆಯೇ ಪಠ್ಯಪುಸ್ತಕ. ಮೊದಲ ಅಂಕಿ 1 ಆದರೆ ಪರವಾನಗಿ, 2 ಆದರೆ ನೋಂದಣಿ. ಮುಂದಿನ ಎರಡು ರಾಜ್ಯದ ಸಂಕೇತ: ಕರ್ನಾಟಕಕ್ಕೆ 12, ಕೇಂದ್ರ ಪರವಾನಗಿಯಾದರೆ 00. ಆಮೇಲಿನ ಎರಡು, ವರ್ಷ. 212 ಎಂದು ಆರಂಭವಾಗುವ ಹಪ್ಪಳದ ಪೊಟ್ಟಣ ಸಿಕ್ಕರೆ ಅದು ನಮ್ಮ ರಾಜ್ಯದ ಸಣ್ಣ ತಯಾರಕರದು ಎಂದು ತಿಳಿಯಿರಿ. 2022ರ ಜನವರಿಯಿಂದ ಹೋಟೆಲ್ ಬಿಲ್ಲಿನ ಮೇಲೂ ಈ ಸಂಖ್ಯೆ ಇರಲೇಬೇಕು.

ಲೇಬಲ್

ಈಗ ನಡೆಯುವುದು 2020ರ ಲೇಬಲಿಂಗ್ ಮತ್ತು ಪ್ರದರ್ಶನ ವಿನಿಯಮ. ಒಂದು ಚಟ್ನಿಪುಡಿ ಪೊಟ್ಟಣವನ್ನು ಕೈಯಲ್ಲಿ ಹಿಡಿದು ನೋಡೋಣ. ಪದಾರ್ಥಗಳ ಪಟ್ಟಿ ತೂಕದ ಇಳಿಕೆ ಕ್ರಮದಲ್ಲಿರಬೇಕು. ಮುಂಭಾಗದಲ್ಲಿ ದೊಡ್ಡದಾಗಿ ಶೇಂಗಾ ಚಟ್ನಿಪುಡಿ ಎಂದಿದ್ದು, ಹಿಂದೆ ಪಟ್ಟಿಯಲ್ಲಿ ಮೊದಲು ಹುರಿಗಡಲೆ, ಆಮೇಲೆ ಉಪ್ಪು, ಮೂರನೆಯದಾಗಿ ಶೇಂಗಾ ಇದ್ದರೆ, ಪೊಟ್ಟಣದಲ್ಲಿ ಶೇಂಗಾಕ್ಕಿಂತ ಉಪ್ಪೇ ಹೆಚ್ಚು ಎಂದರ್ಥ. ಶೇಂಗಾ ಅಲರ್ಜಿಕಾರಕಗಳ ಪಟ್ಟಿಯಲ್ಲಿರುವುದರಿಂದ ಅದನ್ನು ಪ್ರತ್ಯೇಕವಾಗಿಯೂ ಹೇಳಬೇಕು. ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸೋಯಾ ಮುಂತಾದವಕ್ಕೂ ಇದೇ ಕಟ್ಟುಪಾಡು. ಪೋಷಕಾಂಶದ ವಿವರ 100 ಗ್ರಾಂ ಲೆಕ್ಕದಲ್ಲಿ ಬೇಕು. ಸಸ್ಯಾಹಾರಕ್ಕೆ ಹಸಿರು ಚೌಕದೊಳಗೆ ಹಸಿರು ವೃತ್ತ. ಮಾಂಸಾಹಾರಕ್ಕೆ ಕಂದು ಚೌಕದೊಳಗೆ ಕಂದು ತ್ರಿಕೋನ. ಹಿಂದೆ ಅದಕ್ಕೂ ವೃತ್ತವೇ ಇತ್ತು. ಬಣ್ಣ ಗುರುತಿಸಲಾಗದವರಿಗೆ ಎರಡೂ ಒಂದೇ ಕಾಣುತ್ತಿದ್ದವು, ತ್ರಿಕೋನದಿಂದ ಆ ತೊಡಕು ನೀಗಿತು.

ಬ್ಯಾಚ್ ಸಂಖ್ಯೆಯನ್ನು ಎಲ್ಲರೂ ಹಗುರವಾಗಿ ಕಾಣುತ್ತಾರೆ. 26(5)ನೇ ಸೆಕ್ಷನ್ನಿನ ಜೊತೆ ಓದಿದರೆ ಅದರ ತೂಕ ತಿಳಿಯುತ್ತದೆ. ಒಂದು ಬ್ಯಾಚಿನ ಒಂದು ಪೊಟ್ಟಣ ಅಸುರಕ್ಷಿತವೆಂದು ಕಂಡುಬಂದರೆ, ಉಳಿದವು ಹಾಗಲ್ಲ ಎಂದು ವಿಸ್ತೃತ ಪರಿಶೀಲನೆಯಲ್ಲಿ ತಿಳಿಯುವ ತನಕ ಇಡೀ ಬ್ಯಾಚೇ ಅಸುರಕ್ಷಿತ ಎಂದು ಭಾವಿಸಲಾಗುತ್ತದೆ. 28ನೇ ಸೆಕ್ಷನ್ ಪ್ರಕಾರ ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಿಕೊಳ್ಳಬೇಕಾದಾಗ ಬ್ಯಾಚ್ ಬರೆಯದವನು ಯಾವುದನ್ನು ಕರೆಸಿಕೊಳ್ಳುತ್ತಾನೆ? ಎಲ್ಲವನ್ನೂ.

ಭಾಷೆಯ ಮಾತು ಕೇಳಿದರೆ ಕನ್ನಡಿಗರಿಗೆ ಸಿಟ್ಟು ಬಂದೀತು. ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಬೇಕು, ಬೇರೆ ಭಾಷೆಯನ್ನು ಅದರ ಜೊತೆಗೆ ಸೇರಿಸಬಹುದು ಅಷ್ಟೆ. ಕನ್ನಡದಲ್ಲಿ ಮಾತ್ರ ಅಚ್ಚಾದ ಲೇಬಲ್ ಈ ಕಾಯ್ದೆಯ ಕಣ್ಣಿಗೆ ದೋಷಯುಕ್ತ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ರಾಜ್ಯದಲ್ಲಿ ತಯಾರಾಗಿ ಇಲ್ಲಿಯೇ ಮಾರಾಟವಾಗುವ ಸರಕುಗಳ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲಿರಬೇಕು ಎನ್ನುತ್ತದೆ. ಆದರೆ ಅದು ಬೇರೆ ಕಾನೂನು, ಉಲ್ಲಂಘಿಸಿದರೆ ಆಹಾರ ಮಿಸ್‌ಬ್ರ್ಯಾಂಡೆಡ್ ಆಗುವುದಿಲ್ಲ. ಎಂಆರ್‌ಪಿಯದೂ ಇದೇ ಕಥೆ: ಅದು ಕಾನೂನು ಮಾಪನಶಾಸ್ತ್ರದ 2011ರ ಪೊಟ್ಟಣ ಸರಕು ನಿಯಮಗಳಿಗೆ ಸೇರಿದ್ದು, ಅದನ್ನು ತಪಾಸಣೆ ಮಾಡುವ ಇಲಾಖೆಯೂ ಬೇರೆ.

ಇನ್ನು ‘ಮನೆಯಲ್ಲಿ ಮಾಡಿದ್ದು’ ಎಂಬ ಜಂಬ. 2018ರ ಜಾಹೀರಾತು ಮತ್ತು ಹೇಳಿಕೆಗಳ ವಿನಿಯಮ ಗ್ರಾಹಕನನ್ನು ತಪ್ಪುದಾರಿಗೆ ಎಳೆಯುವ ಇಂಥ ಮಾತನ್ನು ಬಳಸಬೇಡಿ ಎನ್ನುತ್ತದೆ. ಕಾರ್ಖಾನೆಯ ಉಪ್ಪಿನಕಾಯಿಗೆ ಅಜ್ಜಿಯ ಚಿತ್ರ ಹಾಕಿದರೂ ಈ ಪ್ರಶ್ನೆ ಏಳಬಹುದು ಎಂಬುದು ನನ್ನ ಅನಿಸಿಕೆ.

ತಪಾಸಣೆ, ಮಾದರಿ, ನಾಲ್ಕು ಭಾಗ

ಅಂಗಡಿಗೆ ಬರುವವರು ಆಹಾರ ಸುರಕ್ಷತಾಧಿಕಾರಿ, ಅವರ ಮೇಲೆ ಅಂಕಿತಾಧಿಕಾರಿ, ರಾಜ್ಯಕ್ಕೆ ಆಯುಕ್ತರು. ಅಡುಗೆಮನೆ ಕೊಳಕಾಗಿದೆ ಎಂದ ಮಾತ್ರಕ್ಕೆ ಸಾಮಾನ್ಯವಾಗಿ ಬೀಗ ಜಡಿಯುವುದಿಲ್ಲ. 32ನೇ ಸೆಕ್ಷನ್ ಪ್ರಕಾರ ಅಂಕಿತಾಧಿಕಾರಿ ಮೊದಲು ಸುಧಾರಣಾ ನೋಟಿಸ್ ಕೊಡುತ್ತಾರೆ, ಸರಿಪಡಿಸಿಕೊಳ್ಳಲು ಕನಿಷ್ಠ 14 ದಿನ ಕೊಡಬೇಕು. ಆಗದಿದ್ದರೆ ಪರವಾನಗಿ ಅಮಾನತು, ಆಮೇಲೆ ರದ್ದು. ಸಾರ್ವಜನಿಕ ಆರೋಗ್ಯಕ್ಕೆ ಅಪಾಯವಿದ್ದರೆ ಕಾರಣ ಬರೆದು ತಕ್ಷಣ ಅಮಾನತು ಮಾಡಬಹುದು.

ಮಾದರಿ ತೆಗೆಯುವುದು ಇಡೀ ಪ್ರಕರಣದ ಬೇರು. ಅಧಿಕಾರಿ ಲಿಖಿತ ನೋಟಿಸ್ ಕೊಟ್ಟು, ಮಾದರಿಯ ಬೆಲೆಯನ್ನೂ ಕೊಡಬೇಕು. ಪುಕ್ಕಟೆ ಒಯ್ಯುವಂತಿಲ್ಲ. ಮಾದರಿಯನ್ನು ನಾಲ್ಕು ಭಾಗ ಮಾಡಿ, ಪ್ರತಿಯೊಂದಕ್ಕೂ ಅಂಕಿತಾಧಿಕಾರಿಯ ಸಹಿ ಮತ್ತು ಸಂಕೇತ ಸಂಖ್ಯೆ ಇರುವ ಚೀಟಿಯನ್ನು ಅಡಿಯಿಂದ ಮುಡಿಯವರೆಗೆ ಅಂಟಿಸಿ, ಹುರಿದಾರ ಕಟ್ಟಿ, ಅರಗಿನ ಮುದ್ರೆ ಒತ್ತಬೇಕು. ಅಂಗಡಿಯವನ ಸಹಿ ಅರ್ಧ ಚೀಟಿಯ ಮೇಲೆ, ಅರ್ಧ ಹೊದಿಕೆಯ ಮೇಲೆ ಬೀಳಬೇಕು. ಚೀಟಿ ಕಿತ್ತು ಬದಲಾಯಿಸಿದರೆ ಸಹಿ ಕೂಡುವುದಿಲ್ಲ. ಹಾಲಿನ ಮಾದರಿ ಕೆಡದಂತೆ ಫಾರ್ಮಲಿನ್ ಹಾಕುತ್ತಾರೆ. ಮಾರುವವನು ಹಾಕಿದರೆ ಅಪರಾಧವಾಗುವ ವಸ್ತುವನ್ನೇ ಅಧಿಕಾರಿ ನಿಯಮದಂತೆ ಹಾಕುವುದು ಈ ಶಾಸ್ತ್ರದ ಸಣ್ಣ ತಮಾಷೆ.

ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ಭಾಗ ಅಂಕಿತಾಧಿಕಾರಿಯ ಸುಪರ್ದಿಗೆ. ನಾಲ್ಕನೆಯದನ್ನು ವ್ಯಾಪಾರಿ ಕೇಳಿದರೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಬೇಕು. ವಿಶ್ಲೇಷಕರು 14 ದಿನದಲ್ಲಿ ವರದಿ ಕೊಡಬೇಕು, ಒಪ್ಪದ ವ್ಯಾಪಾರಿ 30 ದಿನದೊಳಗೆ ಅಂಕಿತಾಧಿಕಾರಿಯಲ್ಲಿ ಮೇಲ್ಮನವಿ ಹಾಕಬಹುದು. ಆಗ ಸುಪರ್ದಿಯಲ್ಲಿರುವ ಭಾಗ ರೆಫರಲ್ ಪ್ರಯೋಗಾಲಯಕ್ಕೆ ಹೋಗುತ್ತದೆ, ಅದರ ಮಾತೇ ಕೊನೆ. ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಅಂಥ ಒಂದು ಪ್ರಯೋಗಾಲಯ.

ಈ ವಿಧಿವಿಧಾನಕ್ಕೆ ಎಷ್ಟು ಬೆಲೆ ಎಂಬುದನ್ನು ಮ್ಯಾಗಿ ಪ್ರಕರಣ ತೋರಿಸಿತು. ಮೂಲ ಮಾದರಿ ತೆಗೆದದ್ದು ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ. ಆರೋಪ ಎರಡು: 2.5 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 2.5 ಭಾಗ) ಮಿತಿ ಮೀರಿ ಸೀಸ, ಮತ್ತು ಎಂಎಸ್‌ಜಿ (ರುಚಿ ಹೆಚ್ಚಿಸುವ ಮೊನೊಸೋಡಿಯಂ ಗ್ಲುಟಮೇಟ್) ಸೇರಿಸಿಲ್ಲ ಎಂಬ ಲೇಬಲ್. ಮೊದಲನೆಯದು ಅಸುರಕ್ಷಿತದ ಪ್ರಶ್ನೆ, ಎರಡನೆಯದು ಮಿಸ್‌ಬ್ರ್ಯಾಂಡಿಂಗ್‌ನದು. 2015ರ ಜೂನ್ 5ರಂದು ಎಫ್‌ಎಸ್‌ಎಸ್‌ಎಐ ನಿಷೇಧಿಸಿತು, ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಪರೀಕ್ಷೆ ನಡೆದ ಪ್ರಯೋಗಾಲಯಗಳಿಗೆ ಕಾಯ್ದೆ ಕೇಳುವ ಮಾನ್ಯತೆ ಇರಲಿಲ್ಲ, ಕಂಪನಿಯ ಅಹವಾಲನ್ನೂ ಕೇಳಿರಲಿಲ್ಲ ಎಂಬುದು ಮುಖ್ಯ ಕಾರಣಗಳು. ಮೊಹಾಲಿ, ಜೈಪುರ, ಹೈದರಾಬಾದಿನ ಪ್ರಯೋಗಾಲಯಗಳಲ್ಲಿ ಹೊಸ ಪರೀಕ್ಷೆಗೆ ಆದೇಶವಾಯಿತು. ಅವುಗಳಲ್ಲಿ ತೇರ್ಗಡೆಯಾಗಿ ನವೆಂಬರಿನಲ್ಲಿ ನೂಡಲ್ಸ್ ಮತ್ತೆ ಅಂಗಡಿಗೆ ಬಂತು.

ದಂಡ ಯಾರು ಹಾಕುತ್ತಾರೆ

ಈಗ ಮೂರು ವರ್ಗಗಳಿಗೆ ಬನ್ನಿ. ಕಳಪೆಯಾದರೆ 51ರಂತೆ ಐದು ಲಕ್ಷದವರೆಗೆ, ಮಿಸ್‌ಬ್ರ್ಯಾಂಡೆಡ್ ಆದರೆ 52ರಂತೆ ಮೂರು ಲಕ್ಷದವರೆಗೆ ದಂಡ. ಜೈಲಿಲ್ಲ. ಇವು 68ನೇ ಸೆಕ್ಷನ್ನಿನ ನ್ಯಾಯನಿರ್ಣಯ ಅಧಿಕಾರಿಯ ಮುಂದೆ, ಅಂದರೆ ಅಪರ ಜಿಲ್ಲಾಧಿಕಾರಿಯ ಕಚೇರಿಗೆ ಹೋಗುತ್ತವೆ. ಅಸುರಕ್ಷಿತವಾದರೆ ಆಯುಕ್ತರ ಮಂಜೂರಾತಿ ಪಡೆದು ನ್ಯಾಯಾಲಯಕ್ಕೆ. 2023ರ ಜನ ವಿಶ್ವಾಸ ಕಾಯ್ದೆ 59ರ ಮೊದಲ ಮೆಟ್ಟಿಲನ್ನೂ 61, 63ನೇ ಸೆಕ್ಷನ್‌ಗಳನ್ನೂ ತಿದ್ದಿದೆ, ಅದಕ್ಕೂ ಹಿಂದಿನ ಗೈಡುಗಳನ್ನು ಪಕ್ಕಕ್ಕಿಡಿ. ಆಹಾರ ಕಲಬೆರಕೆಗೆ ಪೊಲೀಸರು ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 272, 273ನೇ ಸೆಕ್ಷನ್ ಹಾಕಬಹುದೇ ಎಂಬ ಹಳೆಯ ಜಗಳವನ್ನು 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ರಾಮ್ ನಾಥ್ ಪ್ರಕರಣದಲ್ಲಿ ಮುಗಿಸಿತು. 89ನೇ ಸೆಕ್ಷನ್ ಈ ಕಾಯ್ದೆಗೆ ಮೇಲುಗೈ ಕೊಟ್ಟಿರುವುದರಿಂದ 59 ಅನ್ವಯಿಸುವ ಕಡೆ ಅವುಗಳಿಗೆ ಜಾಗವಿಲ್ಲ ಎಂದಿತು. ಅಪರಾಧ ನಡೆದ ಒಂದು ವರ್ಷದೊಳಗೆ ಮೊಕದ್ದಮೆ ಹೂಡಬೇಕು, ಆಯುಕ್ತರು ಕಾರಣ ಬರೆದರೆ ಮೂರು ವರ್ಷ.

ಕೊನೆಯದಾಗಿ, ಓದುವಾಗ ಬಹಳ ಮಂದಿ ಹಾರಿಸುವ 40ನೇ ಸೆಕ್ಷನ್. ಗ್ರಾಹಕನೂ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ಉಲ್ಲಂಘನೆ ಸಾಬೀತಾದರೆ ಶುಲ್ಕ ವಾಪಸ್ ಬರುತ್ತದೆ. ಆದರೆ ಪರೀಕ್ಷೆಗೆ ಕಳಿಸುತ್ತೇನೆ ಎಂದು ಕೊಳ್ಳುವಾಗಲೇ ಅಂಗಡಿಯವನಿಗೆ ಹೇಳಿರಬೇಕು. ಹೇಳದೆ ಮನೆಗೆ ತಂದು ಬಿಚ್ಚಿದ ಪೊಟ್ಟಣಕ್ಕೆ ಈ ದಾರಿಯಿಲ್ಲ, ಅದನ್ನು ಬಿಲ್ಲಿನ ಸಮೇತ ಅಂಕಿತಾಧಿಕಾರಿಯ ಕಚೇರಿಗೆ ದೂರಾಗಿ ಒಯ್ಯಬೇಕು.