ಆಪರೇಷನ್ಸ್‌ಗೆ ಸೇರಿದರೆ ಮುಂದೆ ಇನ್ವೆಸ್ಟ್‌ಮೆಂಟ್ ಬ್ಯಾಂಕರ್ ಆಗಬಹುದಾ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ಎಸ್ಸೆಸ್ಸೆಲ್ಸಿಯಲ್ಲಿ 88, ಪಿಯುಸಿಯಲ್ಲಿ 93, ಡಿಗ್ರಿಯಲ್ಲಿ ಈವರೆಗೆ 79 ಪರ್ಸೆಂಟ್. ಬೆಂಗಳೂರಿನ ಒಂದು ದೊಡ್ಡ ಇನ್ವೆಸ್ಟ್‌ಮೆಂಟ್ ಬ್ಯಾಂಕಿನಿಂದ ‘ಆಪರೇಷನ್ಸ್ ಅನಲಿಸ್ಟ್’ ಅಂತ ಆಫರ್ ಬಂದಿದೆ. ಸೇರಿಕೊಂಡರೆ ಮುಂದೆ ಇನ್ವೆಸ್ಟ್‌ಮೆಂಟ್ ಬ್ಯಾಂಕರ್ ಆಗುವ ಚಾನ್ಸ್ ಎಷ್ಟಿದೆ? ಅಪ್ಪ ಸಿಎ ಮಾಡು ಅನ್ನುತ್ತಾರೆ. ಗೆಳತಿಯರು ಎಂಬಿಎ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಆಪರೇಷನ್ಸ್‌ಗೆ, ಅಂದರೆ ವ್ಯಾಪಾರ ಮುಗಿದ ಮೇಲಿನ ಲೆಕ್ಕ ನೋಡುವ ಹಿಂಬದಿಯ ಕೆಲಸಕ್ಕೆ ಸೇರಿ, ಅದೇ ಕಟ್ಟಡದೊಳಗೆ ಮೆಲ್ಲಗೆ ದಾಟಿಕೊಂಡು ಬ್ಯಾಂಕರ್ ಆಗುವ ಚಾನ್ಸ್ ತೀರಾ ಕಮ್ಮಿ. ನಿಮ್ಮ ಅಂಕಗಳಿಗೆ, ನೀವಿರುವ ಜಾಗಕ್ಕೆ ಅಪ್ಪ ಹೇಳಿದ ದಾರಿಯೇ ಹತ್ತಿರದ್ದು. ಯಾಕೆ ಅನ್ನುವುದು ಸ್ವಲ್ಪ ಉದ್ದದ ಕತೆ.

ಹೊರವರ್ತುಲ ರಸ್ತೆಯ ಅಂಥದೇ ಒಂದು ಕಚೇರಿಯಲ್ಲಿ ನಾನು ಆರು ವರ್ಷ ಕೂತಿದ್ದೆ. ಊರಿಗೆ ಹೋದಾಗ ‘ಎಂಥ ಕೆಲಸ?’ ಅಂದರೆ ‘ಇನ್ವೆಸ್ಟ್‌ಮೆಂಟ್ ಬ್ಯಾಂಕಿನಲ್ಲಿ’ ಅನ್ನುತ್ತಿದ್ದೆ. ಸುಳ್ಳಲ್ಲ. ಆದರೆ ನಾನು ಮಾಡುತ್ತಿದ್ದದ್ದು ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಅಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರೆಲ್ಲ ಆಪರೇಷನ್ ಮಾಡುವುದಿಲ್ಲವಲ್ಲ, ಹಾಗೆ. ಬೆಂಗಳೂರಿನಲ್ಲಿ ಈ ಎರಡು ಮಾತುಗಳು ಕಲಸಿಹೋಗಿವೆ. ಕೋರ್ಸ್ ಮಾರುವವರು ಬೇಕೆಂದೇ ಇನ್ನಷ್ಟು ಕಲಸುತ್ತಾರೆ.

ಹಾಗಾದರೆ ಅಸಲು ಕೆಲಸ ಯಾವುದು? ನಮ್ಮಲ್ಲಿ ಬ್ಯಾಂಕ್ ಕೆಲಸ ಅಂದರೆ ಪರೀಕ್ಷೆ, ಕ್ಲರ್ಕು, ಆಫೀಸರು, ಮೂರು ವರ್ಷಕ್ಕೊಂದು ವರ್ಗಾವಣೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಎಲ್ಲ ಹುಟ್ಟಿದ್ದು ಕರಾವಳಿಯಲ್ಲೇ ಆದ್ದರಿಂದ ಆ ಚಿತ್ರ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಇನ್ವೆಸ್ಟ್‌ಮೆಂಟ್ ಬ್ಯಾಂಕಿಗೆ ಪಾಸ್‌ಬುಕ್ಕೂ ಇಲ್ಲ, ಕೌಂಟರೂ ಇಲ್ಲ. ದುಡ್ಡು ಬೇಕಾದ ಕಂಪನಿಯನ್ನೂ ದುಡ್ಡು ಹಾಕುವವರನ್ನೂ ಒಂದೆಡೆ ಕೂರಿಸಿ, ಬೆಲೆ ಕುದುರಿಸಿ, ಕಾಗದಪತ್ರ ಮಾಡಿಸಿ ಕಮಿಷನ್ ತೆಗೆದುಕೊಳ್ಳುವುದು ಅದರ ಕಸುಬು. ಕಂಪನಿಗಳ ಕೊಡುಕೊಳ್ಳುವಿಕೆ, ವಿಲೀನ ಎಲ್ಲ ಇದರೊಳಗೇ ಬರುತ್ತದೆ. ಷೇರುಪೇಟೆಯ ನಿಯಂತ್ರಕ ಸೆಬಿಯ ಭಾಷೆಯಲ್ಲಿ ಇವರು ಮರ್ಚೆಂಟ್ ಬ್ಯಾಂಕರ್‌ಗಳು. ನೋಂದಣಿ ಇಲ್ಲದೆ ಯಾರೂ ಐಪಿಒ (ಕಂಪನಿ ತನ್ನ ಷೇರನ್ನು ಮೊದಲ ಸಲ ಜನರಿಗೆ ಮಾರುವುದು) ನಡೆಸಿಕೊಡುವಂತಿಲ್ಲ.

ನಮ್ಮದೇ ಉದಾಹರಣೆ ಬೇಕಾದರೆ 1993ರ ಇನ್ಫೋಸಿಸ್ ಐಪಿಒ ನೋಡಿ. ಷೇರಿಗೆ 95 ರೂಪಾಯಿ. ಇವತ್ತು ನಂಬುವುದು ಕಷ್ಟ, ಆದರೆ ಜನ ಪೂರ್ತಿ ಕೊಳ್ಳಲಿಲ್ಲ. ಅಮೆರಿಕದ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಮಾರ್ಗನ್ ಸ್ಟ್ಯಾನ್ಲಿ ಅದೇ ಬೆಲೆಗೆ ಶೇ 13ರಷ್ಟು ಪಾಲು ತೆಗೆದುಕೊಂಡ ಮೇಲೆ ದಡ ಸೇರಿತು. ಜೂನ್‌ನಲ್ಲಿ ಷೇರುಪೇಟೆಯಲ್ಲಿ ವಹಿವಾಟು ಶುರುವಾಗಿದ್ದು 145ಕ್ಕೆ. 95 ಅನ್ನುವ ಅಂಕಿ ಎಲ್ಲಿಂದ ಬಂತು, ಸಾಫ್ಟ್‌ವೇರ್ ಅಂದರೆ ಏನೆಂದೇ ತಿಳಿಯದ ಹೂಡಿಕೆದಾರನಿಗೆ ಅದನ್ನು ಬಿಡಿಸಿ ಹೇಳುವವರು ಯಾರು, ಮಾರಾಟವಾಗದೆ ಉಳಿದರೆ ಹೊಣೆ ಯಾರದು? ಈ ಮೂರು ಪ್ರಶ್ನೆಗೆ ಉತ್ತರ ಹುಡುಕುವವನೇ ಇನ್ವೆಸ್ಟ್‌ಮೆಂಟ್ ಬ್ಯಾಂಕರ್. 2024ರ ನವೆಂಬರ್‌ನಲ್ಲಿ ಬೆಂಗಳೂರಿನ ಸ್ವಿಗ್ಗಿ 390 ರೂಪಾಯಿಯಂತೆ ಷೇರು ಮಾರಿ 11,327 ಕೋಟಿ ರೂಪಾಯಿಯ ಐಪಿಒ ಮಾಡಿದಾಗ ಈ ಕೆಲಸಕ್ಕೆ ಏಳು ಬ್ಯಾಂಕುಗಳು ಕೂತಿದ್ದವು.

ಈಗ ನಿಮಗೆ ಬಂದಿರುವ ಆಫರ್‌ನ ಮಾತು. ಅಮೆರಿಕದ್ದೇ ಇನ್ನೊಂದು ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್ ಬೆಂಗಳೂರಿಗೆ ಬಂದದ್ದು 2004ರಲ್ಲಿ. ಇವತ್ತು ನ್ಯೂಯಾರ್ಕ್ ಬಿಟ್ಟರೆ ಅದರ ಅತಿ ದೊಡ್ಡ ಕಚೇರಿ ಇಲ್ಲೇ ಇದೆ. ಜೆಪಿ ಮಾರ್ಗನ್, ಮಾರ್ಗನ್ ಸ್ಟ್ಯಾನ್ಲಿ ಕೂಡ ಇಲ್ಲಿವೆ. ಇಲ್ಲಿನ ಬಹುಪಾಲು ಜನ ತಂತ್ರಜ್ಞಾನ, ರಿಸ್ಕ್, ಕಂಟ್ರೋಲರ್ಸ್ (ಬ್ಯಾಂಕಿನದೇ ಒಳಲೆಕ್ಕ), ಆಪರೇಷನ್ಸ್ ವಿಭಾಗದವರು. ಆಪರೇಷನ್ಸ್ ಅಂದರೆ ಎಲ್ಲೋ ಒಬ್ಬ ಟ್ರೇಡರ್ ಮಾಡಿದ ವ್ಯಾಪಾರ ಸರಿಯಾಗಿ ಸೆಟ್ಲ್ ಆಯಿತಾ (ಷೇರು, ದುಡ್ಡು ಕೈಬದಲಾಯಿತಾ), ಎರಡು ಕಡೆಯ ಲೆಕ್ಕ ತಾಳೆಯಾಗುತ್ತಾ, ಹೊಸ ಗಿರಾಕಿಯ ಕೆವೈಸಿ ಸರಿ ಇದೆಯಾ ಅಂತ ನೋಡುವುದು. ತಾಳೆಯಾಗದ್ದಕ್ಕೆ ‘ಬ್ರೇಕ್’ ಅನ್ನುತ್ತಾರೆ. ನನ್ನ ಆರು ವರ್ಷದಲ್ಲಿ ಎಷ್ಟು ಬ್ರೇಕ್ ಬೆನ್ನಟ್ಟಿದೆನೋ ದೇವರಿಗೇ ಗೊತ್ತು. 2024ರ ಮೇ 28ರಿಂದ ಅಮೆರಿಕದಲ್ಲಿ ಸೆಟ್ಲ್‌ಮೆಂಟ್ ಅವಧಿ ಎರಡು ದಿನದಿಂದ ಒಂದು ದಿನಕ್ಕೆ ಇಳಿಯಿತು. ಅಲ್ಲಿನ ಒಂದು ದಿನದ ಉಳಿತಾಯ ಅಂದರೆ ಇಲ್ಲಿನ ರಾತ್ರಿ ಪಾಳಿಯವರ ಮೇಲೆ ಒತ್ತಡ.

ಇದು ಕೀಳು ಕೆಲಸ ಅಂತ ನಾನು ಹೇಳುತ್ತಿಲ್ಲ. ಇದರ ಮೇಲೆಯೇ ನನ್ನ ತಂಗಿಯ ಮದುವೆ ಆಯಿತು. ಆದರೆ ಇಲ್ಲಿ ಕಲಿತದ್ದು ಅಲ್ಲಿ ಬೇಕಾಗುವುದಿಲ್ಲ ಅನ್ನುವುದೇ ತೊಡಕು. ಬ್ಯಾಂಕರ್ ತಂಡಕ್ಕೆ ಬೇಕಾದದ್ದು ಒಂದು ಕಂಪನಿಯ ಮುಂದಿನ ಐದು ವರ್ಷದ ಲಾಭ-ನಷ್ಟ, ಆಸ್ತಿ-ಹೊಣೆ, ನಗದು ಹರಿವನ್ನು ಎಕ್ಸೆಲ್‌ನಲ್ಲಿ ಕಟ್ಟಿ ಬೆಲೆ ಹೇಳುವವನು. ಸೆಟ್ಲ್‌ಮೆಂಟ್ ಡೆಸ್ಕಿನಲ್ಲಿ ಕೂತವನಿಗೆ ಮೂರು ವರ್ಷವಾದರೂ ಒಂದು ಬ್ಯಾಲೆನ್ಸ್ ಶೀಟ್ ತೆರೆಯುವ ಪ್ರಸಂಗ ಬರುವುದಿಲ್ಲ. ಜೊತೆಗೆ ಆ ತಂಡಗಳು ಇರುವುದು ಮುಂಬೈನಲ್ಲಿ, ಅದರಲ್ಲೂ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್ ಸುತ್ತ. ತಂಡಗಳೂ ಪುಟ್ಟವು. ವರ್ಷಕ್ಕೆ ಬೆರಳೆಣಿಕೆಯಷ್ಟು ಹೊಸಬರು ಬಂದರೆ ಹೆಚ್ಚು.

(ನಡುವೆ ಒಂದು ಮಾತು: ಈ ಕಂಪನಿಗಳಲ್ಲಿ ‘ವೈಸ್ ಪ್ರೆಸಿಡೆಂಟ್’ ಅಂದರೆ ಉಪಾಧ್ಯಕ್ಷ ಅಂತ ತಿಳಿಯಬೇಡಿ. ಒಂದೊಂದು ಮಹಡಿಯಲ್ಲೂ ಡಜನ್‌ಗಟ್ಟಲೆ ಇರುತ್ತಾರೆ. ನನ್ನ ಸೋದರಮಾವ ನನಗೆ ಈ ಪಟ್ಟ ಸಿಕ್ಕಿದಾಗ ಊರಿನ ಸಂಘದಲ್ಲಿ ಶಾಲು ಹೊದಿಸುವ ಏರ್ಪಾಡು ಮಾಡಿಬಿಟ್ಟಿದ್ದರು.)

ಮುಂಬೈನ ಆ ಪುಟ್ಟ ತಂಡಗಳಿಗೆ ಹೋಗುವ ದಾರಿಗಳಲ್ಲಿ ನಿಮ್ಮ ಗೆಳತಿಯರು ಹೇಳಿದ ಎಂಬಿಎ ಒಂದು. ಆದರೆ ಯಾವುದೋ ಎಂಬಿಎ ಅಲ್ಲ. ವಿದೇಶಿ ಬ್ಯಾಂಕುಗಳು ಕ್ಯಾಂಪಸ್‌ಗೆ ಹೋಗುವುದು ಅಹಮದಾಬಾದ್, ಬೆಂಗಳೂರು, ಕಲ್ಕತ್ತಾ ಐಐಎಂಗಳಿಗೆ, ಅದರಾಚೆ ಇನ್ನು ಕೆಲವಕ್ಕೆ. ಕ್ಯಾಟ್ ಪರೀಕ್ಷೆಗೆ ವರ್ಷಕ್ಕೆ ಸುಮಾರು 3 ಲಕ್ಷ ಜನ ನೋಂದಾಯಿಸುತ್ತಾರೆ. ಈ ಮೂರು ಕಡೆಯ ಸೀಟು ಸೇರಿಸಿದರೂ ಎರಡು ಸಾವಿರ ದಾಟುವುದಿಲ್ಲ. ಆಯ್ಕೆಯಲ್ಲಿ ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗಿನ ಅಂಕಕ್ಕೂ ತೂಕ ಇದೆ. ನಿಮ್ಮ ಅಂಕ ಅಲ್ಲಿ ಕಾಲೆಳೆಯುವುದಿಲ್ಲ. ಆದರೆ ಬಹಳ ಮಂದಿಗೆ ತಿಳಿಯದ ವಿಷಯ ಬೇರೊಂದಿದೆ: ಜೂನ್‌ನಲ್ಲಿ ಐಐಎಂ ಸೇರಿದವರಿಗೆ ಬೇಸಿಗೆ ಇಂಟರ್ನ್‌ಶಿಪ್‌ನ ಸಂದರ್ಶನ ಅದೇ ವರ್ಷ ದೀಪಾವಳಿ ಆಸುಪಾಸಿಗೆ ಮುಗಿದುಹೋಗುತ್ತದೆ. ಎರಡು ತಿಂಗಳ ಆ ಇಂಟರ್ನ್‌ಶಿಪ್ಪಿನಿಂದಲೇ ಹೆಚ್ಚಿನ ಬ್ಯಾಂಕುಗಳು ಕೆಲಸ ಕೊಡುತ್ತವೆ. ಅಂದರೆ ಐಐಎಂನಲ್ಲಿ ಕಲಿತು ಬ್ಯಾಂಕರ್ ಆಗೋಣ ಅನ್ನುವಷ್ಟು ಪುರುಸೊತ್ತು ಸಿಗುವುದಿಲ್ಲ. ಬಯೋಡೇಟಾದಲ್ಲಿ ಏನಿರಬೇಕೋ ಅದು ಗೇಟು ದಾಟುವ ಮೊದಲೇ ಇರಬೇಕು. ಐಐಟಿ ಮುಗಿಸಿದವನೋ ರ‍್ಯಾಂಕ್ ಬಂದ ಸಿಎಯೋ ಅಲ್ಲಿ ಮುಂದಿನ ಸಾಲಿನಲ್ಲಿ ಕೂರುವುದು ಇದಕ್ಕೇ.

ಹೀಗಾಗಿ ಅಪ್ಪನ ಮಾತಿಗೆ ಬರುತ್ತೇನೆ. ಬಿ.ಕಾಂ.ನಲ್ಲಿ ಶೇ 55 ದಾಟಿದವರು ಸಿಎ ಫೌಂಡೇಶನ್ ಬರೆಯದೆ ನೇರ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ (ಸಿಎ ಕಚೇರಿಯಲ್ಲಿ ಮಾಡಲೇಬೇಕಾದ ತರಬೇತಿ) ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಪೇಪರಿಗೆ 40, ಕೆಲವು ಪೇಪರು ಸೇರಿದ ಗ್ರೂಪಿಗೆ ಒಟ್ಟು ಶೇ 50 ಬಂದರೆ ಪಾಸು. ಕೇಳಲು ಸುಲಭ, ಆದರೆ ಹಲವು ಸಲ ಬರೆದವರ ಸಂಖ್ಯೆಯೇ ದೊಡ್ಡದು. ಕಾಲೇಜಿನ ಹೆಸರು ಯಾವುದು ಅಂತ ಈ ಪರೀಕ್ಷೆ ಕೇಳುವುದಿಲ್ಲ, ಶುಲ್ಕ ಎಂಬಿಎಯ ಒಂದು ಸಣ್ಣ ಪಾಲು. ಶಿವಮೊಗ್ಗದ ಹುಡುಗಿಗೂ ಮುಂಬೈ ಹುಡುಗಿಗೂ ಒಂದೇ ಪ್ರಶ್ನೆಪತ್ರಿಕೆ.

ಆದರೆ ಬರೀ ಸಿಎ ಅಂದರೆ ಸಾಲದು, ಆರ್ಟಿಕಲ್‌ಶಿಪ್ ಎಲ್ಲಿ ಅನ್ನುವುದು ಮುಖ್ಯ. ಊರಿನ ಆಡಿಟರ ಕಚೇರಿಯಲ್ಲಿ ಜಿಎಸ್‌ಟಿ ರಿಟರ್ನ್ ತುಂಬಿ ಎರಡು ವರ್ಷ ಕಳೆದರೆ ಆಡಿಟ್ ಬರುತ್ತದೆ, ಬ್ಯಾಂಕಿಂಗ್ ಬರುವುದಿಲ್ಲ. ಬೆಂಗಳೂರು ಅಥವಾ ಮುಂಬೈನ ದೊಡ್ಡ ಸಂಸ್ಥೆಗಳಲ್ಲಿ ಡ್ಯೂ ಡಿಲಿಜೆನ್ಸ್, ವ್ಯಾಲ್ಯುಯೇಶನ್ (ಕಂಪನಿಗೆ ಬೆಲೆ ಕಟ್ಟುವ) ತಂಡಗಳಿರುತ್ತವೆ. ಒಂದು ಕಂಪನಿ ಇನ್ನೊಂದನ್ನು ಕೊಳ್ಳುವ ಮುನ್ನ ಅದರ ಲೆಕ್ಕದಲ್ಲಿ ಎಲ್ಲೆಲ್ಲಿ ಹುಳುಕಿದೆ ಅಂತ ಕೆದಕುವವರು ಇವರೇ. ಅಲ್ಲಿ ಒಂದೆರಡು ವರ್ಷ ಪಳಗಿದವರನ್ನು ದೇಶಿ ಇನ್ವೆಸ್ಟ್‌ಮೆಂಟ್ ಬ್ಯಾಂಕುಗಳು, ಸ್ಟಾರ್ಟಪ್‌ಗಳಿಗೆ ಬಂಡವಾಳ ಎತ್ತಿಕೊಡುವ ಸಣ್ಣ ಸಂಸ್ಥೆಗಳು ಕೈಬೀಸಿ ಕರೆಯುತ್ತವೆ. ಸಂಕೋಚ ಬಿಟ್ಟು ಅರ್ಜಿ ಹಾಕಬೇಕಾದದ್ದು ಅಂಥ ತಂಡಗಳಿಗೆ.

ಇನ್ನೊಂದು ಬಾಗಿಲು ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. 2012ರಿಂದ ಬಿಎಸ್‌ಇ ಮತ್ತು ಎನ್‌ಎಸ್‌ಇ ಎರಡರಲ್ಲೂ ಸಣ್ಣ ಕಂಪನಿಗಳಿಗೆಂದೇ ಎಸ್‌ಎಂಇ ವೇದಿಕೆ ಇದೆ. ಐಪಿಒ ನಂತರದ ಷೇರು ಬಂಡವಾಳ 25 ಕೋಟಿ ಮೀರದ ಕಂಪನಿಗಳು ಅಲ್ಲಿ ಬರುತ್ತವೆ. ಅವಕ್ಕೂ ಮರ್ಚೆಂಟ್ ಬ್ಯಾಂಕರ್ ಬೇಕೇ ಬೇಕು. ಹತ್ತು-ಹದಿನೈದು ಜನರ ಈ ಕಚೇರಿಗಳಲ್ಲಿ ಹೊಸ ಸಿಎ ಒಬ್ಬಳೇ ಕಂಪನಿಯ ಗೋಡೌನ್ ನೋಡಿ ಬಂದು, ಮಾಲೀಕರ ಜೊತೆ ಕೂತು, ಪ್ರಾಸ್ಪೆಕ್ಟಸ್‌ನ (ಹೂಡಿಕೆದಾರರಿಗೆ ಕಂಪನಿಯ ವಿವರ ಕೊಡುವ ಪುಸ್ತಕ) ಅಧ್ಯಾಯ ಬರೆಯಬೇಕಾಗುತ್ತದೆ. ಹೆಸರಿಲ್ಲ, ಸಂಬಳವೂ ಸಾಧಾರಣ. ಕಲಿಕೆ ಮಾತ್ರ ಕೈತುಂಬ. ಅಲ್ಲಿ ಒಂದು ಎಚ್ಚರ: ಪೀಡಿಸಿ ಲೆಕ್ಕ ಚಂದ ಮಾಡಿಸುವ ಮಾಲೀಕರೂ ಇರುತ್ತಾರೆ, ಸೆಬಿ ಈ ಕಡೆ ಬಿಗಿ ಮಾಡುತ್ತಾ ಬಂದಿದೆ. ಸೇರುವ ಮುನ್ನ ಸಂಸ್ಥೆಯ ಮೇಲೆ ಸೆಬಿ ಆದೇಶ ಏನಾದರೂ ಇದೆಯಾ ಅಂತ ಅವರ ಜಾಲತಾಣದಲ್ಲೇ ನೋಡಿಕೊಳ್ಳಿ.

ಹೂಡಿಕೆ ವಿಶ್ಲೇಷಣೆಯ ಅಂತರರಾಷ್ಟ್ರೀಯ ಪರೀಕ್ಷೆ ಸಿಎಫ್‌ಎ ಬಗ್ಗೆ ಎರಡೇ ಮಾತು. ಮೂರು ಹಂತ, ಶುಲ್ಕ ಡಾಲರಿನಲ್ಲಿ, ಹಂತಕ್ಕೆ ಸಾವಿರದ ಮೇಲೆ. ಸಿಎ ಅಥವಾ ಎಂಬಿಎ ಜೊತೆ ಇದ್ದರೆ ತೂಕ. ಅದೊಂದೇ ಹಿಡಿದು ಹೋದರೆ ಬಾಗಿಲು ಅರ್ಧವೇ ತೆರೆಯುತ್ತದೆ. ಇನ್ನು ಆರು ತಿಂಗಳ ‘ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಸರ್ಟಿಫಿಕೇಟ್, ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಅನ್ನುವ ಜಾಹೀರಾತು. ಅವರು ಕೊಡಿಸುವುದು ನಿಮಗೆ ಈಗಾಗಲೇ ಸಿಕ್ಕಿರುವ ಆಪರೇಷನ್ಸ್ ಕೆಲಸವನ್ನೇ. ದುಡ್ಡು ಕಟ್ಟಬೇಡಿ.

ನಿಮಗೆ ಬ್ಯಾಂಕರ್ ಕೆಲಸ ಒಗ್ಗುತ್ತದೆಯೇ ಅಂತ ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳಬಹುದು. ಸಂದರ್ಶನಗಳಲ್ಲಿ ಸವೆದುಹೋದ ಪ್ರಶ್ನೆಯೊಂದಿದೆ: ಕಂಪನಿಯ ಸವಕಳಿ (ಯಂತ್ರ ಹಳತಾದಂತೆ ಲೆಕ್ಕದಲ್ಲಿ ಕಳೆಯುವ ಬೆಲೆ) 10 ರೂಪಾಯಿ ಜಾಸ್ತಿಯಾದರೆ ಮೂರು ಲೆಕ್ಕಪಟ್ಟಿಗಳಲ್ಲಿ ಏನೇನಾಗುತ್ತದೆ? ತೆರಿಗೆ ಶೇ 25 ಅಂದುಕೊಳ್ಳಿ. ತೆರಿಗೆಗೆ ಮುಂಚಿನ ಲಾಭ 10 ಇಳಿಯಿತು, ತೆರಿಗೆ 2.50 ಉಳಿಯಿತು, ನಿವ್ವಳ ಲಾಭ ಇಳಿದದ್ದು 7.50. ಸವಕಳಿಗೆ ಜೇಬಿನಿಂದ ದುಡ್ಡು ಹೋಗಿಲ್ಲ, ಆದ್ದರಿಂದ ನಗದು ಹರಿವಿನಲ್ಲಿ 10 ವಾಪಸ್ ಕೂಡಿಸಬೇಕು. ಅಲ್ಲಿಗೆ ನಗದು 2.50 ಹೆಚ್ಚಾಯಿತು. ಆಸ್ತಿ-ಹೊಣೆ ಪಟ್ಟಿಯಲ್ಲಿ ನಗದು 2.50 ಏರಿತು, ಸ್ಥಿರಾಸ್ತಿ 10 ಇಳಿಯಿತು, ಒಟ್ಟು 7.50 ಇಳಿಕೆ. ಆ ಕಡೆ ಉಳಿಸಿಕೊಂಡ ಗಳಿಕೆಯೂ 7.50 ಇಳಿದಿದೆ. ತಾಳೆಯಾಯಿತು. ಇದನ್ನು ಓದುವಾಗ ‘ಅಯ್ಯೋ ಸಾಕು’ ಅನ್ನಿಸಿದರೆ ಅದೂ ಒಂದು ಉತ್ತರವೇ. ‘ಸಾಲ ತಗೊಂಡು ಯಂತ್ರ ಕೊಂಡಿದ್ದರೆ?’ ಅಂತ ಮುಂದಿನ ಪ್ರಶ್ನೆ ತಾನಾಗಿ ಹುಟ್ಟಿದರೆ ನಿಮಗೆ ಚಾನ್ಸ್ ಇದೆ.

ಇಂಗ್ಲಿಷಿನ ಅಳುಕನ್ನು ನೀವು ಬರೆದಿಲ್ಲ, ಆದರೆ ಬೇರೆಯವರು ಕೇಳುತ್ತಲೇ ಇರುತ್ತಾರೆ. ಬೇಕು, ಅದರಲ್ಲಿ ಎರಡು ಮಾತಿಲ್ಲ. ಕಾನ್ವೆಂಟಿನ ಉಚ್ಚಾರಣೆ ಬೇಕಾಗಿಲ್ಲ, ತಪ್ಪಿಲ್ಲದೆ ಬರೆಯುವುದು ಬೇಕು. ಸ್ವಿಗ್ಗಿಯಂಥ ಕಂಪನಿಯ ಪ್ರಾಸ್ಪೆಕ್ಟಸ್ ಸೆಬಿ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ರಿಸ್ಕ್ ಫ್ಯಾಕ್ಟರ್ಸ್ ಅಧ್ಯಾಯ ದಿನಕ್ಕೆ ನಾಲ್ಕು ಪುಟ ಓದಿ, ಅದರ ಸಾರ ಐದು ಸಾಲಲ್ಲಿ ಇಂಗ್ಲಿಷಿನಲ್ಲೇ ಬರೆಯಿರಿ. ವ್ಯಾಲ್ಯುಯೇಶನ್ ಕಲಿಯಲು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಅಶ್ವತ್ಥ್ ದಾಮೋದರನ್ ಅವರ ಪೂರ್ತಿ ತರಗತಿಗಳು ಯೂಟ್ಯೂಬಿನಲ್ಲಿವೆ. ಅವರೂ ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಓದಿದವರೇ.

ಒಂದನ್ನು ಮುಚ್ಚಿಡುವುದು ಸರಿಯಲ್ಲ. 2021ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್‌ನ ಬ್ಯಾಂಕರ್ ತಂಡಗಳ 13 ಜನ ಹೊಸ ಅನಲಿಸ್ಟರು ತಾವೇ ಒಂದು ಸಮೀಕ್ಷೆ ಮಾಡಿಕೊಂಡರು: ವಾರಕ್ಕೆ ಸರಾಸರಿ 95 ಗಂಟೆ ಕೆಲಸ, ರಾತ್ರಿಗೆ ಐದು ಗಂಟೆ ನಿದ್ದೆ. 2024ರಲ್ಲಿ ಜೆಪಿ ಮಾರ್ಗನ್ ಕಿರಿಯರಿಗೆ ಬಹುತೇಕ ಸಂದರ್ಭಗಳಲ್ಲಿ ವಾರಕ್ಕೆ 80 ಗಂಟೆ ಮೀರಬಾರದು ಅಂತ ಮಿತಿ ಹಾಕಿತು. 80 ಗಂಟೆ ಅನ್ನುವುದು ಅಲ್ಲಿ ರಿಯಾಯಿತಿ!

ಇನ್ನು ಕೈಯಲ್ಲಿರುವ ಆಫರ್. ಮನೆಗೆ ನಿಮ್ಮ ಸಂಬಳ ಈಗಲೇ ಬೇಕಿದ್ದರೆ ಯೋಚಿಸದೆ ಸೇರಿ. ಆದರೆ ಆರ್ಟಿಕಲ್‌ಶಿಪ್ ಜೊತೆಗೆ ಬೇರೆ ಕೆಲಸ ಮಾಡುವಂತಿಲ್ಲ, ಆದ್ದರಿಂದ ಇಂಟರ್ ಪರೀಕ್ಷೆ ಮುಗಿಯುವವರೆಗೆ ಮಾತ್ರ ಅಂತ ಗಡುವು ಹಾಕಿಕೊಳ್ಳಿ. ಮನೆ ಮೂರು-ನಾಲ್ಕು ವರ್ಷ ತಡೆದುಕೊಳ್ಳುತ್ತದೆ ಅಂದರೆ ಆಫರ್ ಬಿಡಿ. ಆರ್ಟಿಕಲ್‌ಶಿಪ್‌ನ ಸ್ಟೈಪೆಂಡ್ ಬಹಳ ಕಡೆ ಬೆಂಗಳೂರಿನ ಪಿಜಿ ಬಾಡಿಗೆಗೂ ಸಾಲದೆ ಹೋಗಬಹುದು ಅನ್ನುವುದನ್ನು ಅಪ್ಪನಿಗೆ ಮೊದಲೇ ಹೇಳಿ. ಸೇರುವುದಾದರೆ ಎಚ್‌ಆರ್‌ಗೆ ಫೋನ್ ಮಾಡಿ ಮೂರು ವಿಷಯ ಕೇಳಿ: ಯಾವ ತಂಡ, ಯಾವ ಪಾಳಿ, ಬಾಂಡ್ (ಇಷ್ಟು ಕಾಲ ಕೆಲಸ ಬಿಡುವಂತಿಲ್ಲ ಅನ್ನುವ ಕರಾರು) ಇದೆಯಾ. ತಂಡ ಆರಿಸುವ ಅವಕಾಶ ಕೊಟ್ಟರೆ ಲೆಕ್ಕ ತಾಳೆ ನೋಡುವ ರಿಕನ್ಸಿಲಿಯೇಶನ್‌ಗಿಂತ, ಬ್ಯಾಂಕಿನ ಹೂಡಿಕೆಗಳ ಬೆಲೆ ಪರಿಶೀಲಿಸುವ ವ್ಯಾಲ್ಯುಯೇಶನ್ ಕಂಟ್ರೋಲ್ ಅಥವಾ ಟ್ರೇಡರ್‌ಗಳ ಲಾಭ-ನಷ್ಟದ ಲೆಕ್ಕ ನೋಡುವ ಪ್ರಾಡಕ್ಟ್ ಕಂಟ್ರೋಲ್ ಕೇಳಿ. ಅಮೆರಿಕದ ಪಾಳಿ ಅಂದರೆ ಬೆಳಗಿನ ಜಾವ ಕ್ಯಾಬ್‌ನಲ್ಲಿ ಬಂದು ಮಲಗಿ, ಮಧ್ಯಾಹ್ನ ಎದ್ದು ಸಿಎ ಪುಸ್ತಕ ತೆರೆಯಬೇಕು. ನಾನು ಹಾಗೆ ಪ್ರಯತ್ನಿಸಿದೆ. ಮೊದಲ ಗ್ರೂಪಿನಲ್ಲೇ ಎರಡು ಸಲ ಬಿದ್ದು ಕೈಬಿಟ್ಟೆ.