ಟ್ರ್ಯಾಕ್‌ಗೆ ಒಯ್ಯುವ ಕಾರಿಗೆ ಆಯಿಲ್ ಕೂಲರ್ ಬೇಕೇ?

ಪ್ರಶ್ನೆ: ನನ್ನ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕನ್ನು ಬೆಂಗಳೂರಿನಿಂದ ಶ್ರೀಪೆರಂಬುದೂರಿನ ಬಳಿಯ ಟ್ರ್ಯಾಕ್‌ಗೆ ವರ್ಷಕ್ಕೆ ಮೂರು ನಾಲ್ಕು ಸಲ ಒಯ್ಯುತ್ತೇನೆ. ಐದಾರು ಸುತ್ತು ಮುಗಿಯುವಷ್ಟರಲ್ಲಿ ಎಂಜಿನ್ ಮಂಕಾಗುತ್ತದೆ. ಆದರೆ ಡ್ಯಾಶ್‌ಬೋರ್ಡಿನ ಉಷ್ಣತೆಯ ಮುಳ್ಳು ಅಲುಗುವುದೇ ಇಲ್ಲ. ಆಯಿಲ್ ಕೂಲರ್ ಹಾಕಿಸಿದರೆ ಸರಿಹೋಗುತ್ತದೆಯೇ? ಎಷ್ಟು ದೊಡ್ಡದು ಬೇಕು?

ಉತ್ತರ: ಮೊದಲು ಆ ಮುಳ್ಳನ್ನು ನಂಬುವುದನ್ನು ಬಿಡಿ. ಅದು ಹೇಳುವುದು ರೇಡಿಯೇಟರ್ ನೀರಿನ ಸುದ್ದಿ, ಆಯಿಲ್‌ನದಲ್ಲ. ನೀರಿನ ವಿಷಯದಲ್ಲೂ ಅದು ಪೂರ್ತಿ ಪ್ರಾಮಾಣಿಕವಲ್ಲ. ಮಾಲೀಕರು ಸಣ್ಣ ಏರಿಳಿತಕ್ಕೆಲ್ಲ ಗಾಬರಿಯಾಗದಿರಲೆಂದು ಎಷ್ಟೋ ಕಾರುಗಳಲ್ಲಿ ಅದನ್ನು ನಡುವಿನಲ್ಲೇ ನಿಲ್ಲುವಂತೆ ಹೊಂದಿಸಿರುತ್ತಾರೆ.

ಇನ್ನು ಮಂಕಾಗುವ ವಿಚಾರ. ಟರ್ಬೊ ಕಾರಿನಲ್ಲಿ ಐದಾರು ಸುತ್ತಿಗೇ ಶಕ್ತಿ ಇಳಿದರೆ ನನ್ನ ಮೊದಲ ಅನುಮಾನ ಆಯಿಲ್ ಮೇಲಲ್ಲ, ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಮೇಲೆ. ಎಂಜಿನ್ನೊಳಗೆ ಹೋಗುವ ಗಾಳಿ ಕಾದಾಗ ಕಂಪ್ಯೂಟರ್ ಇಗ್ನಿಷನ್ನನ್ನು ತಡಮಾಡಿ ಎಂಜಿನ್ನನ್ನು ಕಾಪಾಡಿಕೊಳ್ಳುತ್ತದೆ. ಆಯಿಲ್ ಕೂಲರ್ ಹಾಕಿಸಿದರೆ ಆ ಶಕ್ತಿ ಹಿಂದಿರುಗುವುದಿಲ್ಲ. ಕೂಲರ್ ಉಳಿಸುವುದು ಬೇರಿಂಗುಗಳನ್ನು ಮತ್ತು ಟರ್ಬೊವನ್ನು. ಗಾಳಿ ಕಾಯುವುದು, ಆಯಿಲ್ ಕಾಯುವುದು ಇವೆರಡನ್ನೂ ಒಂದೇ ಎಂದುಕೊಂಡು ಹಣ ಸುರಿದವರನ್ನು ಬಹಳ ನೋಡಿದ್ದೇನೆ.

ಆದ್ದರಿಂದ ಅಳೆಯಿರಿ. ಕಾರಿನ ಓಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರನ್ನು ಓದಲು ಇರುವ ಕಿಂಡಿ) ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರ್ ಇದ್ದರೆ ಒಳಗೆ ಹೋಗುವ ಗಾಳಿಯ ಉಷ್ಣತೆ ಮೊಬೈಲಿನಲ್ಲೇ ಕಾಣುತ್ತದೆ. ಕೆಲವು ಕಾರುಗಳಲ್ಲಿ ಆಯಿಲ್‌ನದೂ ಸಿಗುತ್ತದೆ. ಸಿಗದಿದ್ದರೆ ಆಯಿಲ್ ಚೇಂಬರಿಗೆ ಒಂದು ಸೆನ್ಸರ್, ಒಂದು ಗೇಜ್ ಹಾಕಿಸಿ. ಆಯಿಲ್ 100ರಿಂದ 115 ಡಿಗ್ರಿ ಸೆಲ್ಸಿಯಸ್ ಇದ್ದರೆ ನಿಮಗೆ ಕೂಲರ್ ಬೇಡ. ಒಳಗೆ ಸೇರಿದ ತೇವ ಆವಿಯಾಗಿ ಹೋಗುವುದಕ್ಕಾದರೂ ಆಯಿಲ್ 100ರ ಆಸುಪಾಸಿಗೆ ಬರಬೇಕು. 125 ದಾಟಿದರೆ ಯೋಚಿಸಿ. 135ರಲ್ಲೇ ಸುತ್ತು ಹೊಡೆಯುತ್ತಿದ್ದರೆ ಹಾಕಿಸಿ.

ಅದಕ್ಕೂ ಮೊದಲು ಅಗ್ಗದ ಒಂದು ದಾರಿ ಇದೆ. ಕಾರಿನ ಕೈಪಿಡಿ ಒಪ್ಪುವುದಾದರೆ 5ಡಬ್ಲ್ಯೂ-30 ದರ್ಜೆಯ ಆಯಿಲ್ ಬಿಟ್ಟು ಒಳ್ಳೆಯ 5ಡಬ್ಲ್ಯೂ-40 ತುಂಬಿಸಿ. 150 ಡಿಗ್ರಿಯಲ್ಲಿ, ಬೇರಿಂಗಿನೊಳಗಿನಂತಹ ರಭಸದ ಉಜ್ಜಾಟದಲ್ಲಿ ಅಳೆಯುವ ಸ್ನಿಗ್ಧತೆ (ಆಯಿಲ್‌ನ ಮಂದತನ) ಮೊದಲನೆಯದಕ್ಕೆ ಕನಿಷ್ಠ 2.9 ಮಿಲಿಪ್ಯಾಸ್ಕಲ್-ಸೆಕೆಂಡ್ ಇರಬೇಕು, ಎರಡನೆಯದಕ್ಕೆ 3.5. ಕಾದ ಆಯಿಲ್ ಬೇರಿಂಗಿನ ನಡುವೆ ಪದರವಾಗಿ ನಿಲ್ಲುವುದೋ ಇಲ್ಲವೋ ಎಂಬುದು ಈ ಅಂಕಿಯ ಮೇಲೆ ನಿಂತಿದೆ.

ಇಷ್ಟಾದರೂ ಕೂಲರ್ ಬೇಕೆನಿಸಿದರೆ, ವಿದೇಶದವರ ಅನುಭವವನ್ನು ಹಾಗೇ ನಂಬಬೇಡಿ. ಕೂಲರ್ ಹೊರಹಾಕುವ ಶಾಖ ಆಯಿಲ್‌ಗೂ ಗಾಳಿಗೂ ಇರುವ ಅಂತರಕ್ಕೆ ತಕ್ಕಂತೆ ಇರುತ್ತದೆ. ಆಯಿಲ್ 130 ಇರುವಾಗ 18 ಡಿಗ್ರಿಯ ಇಂಗ್ಲೆಂಡಿನಲ್ಲಿ ಅಂತರ 112. 38 ಡಿಗ್ರಿಯ ಚೆನ್ನೈ ಬಿಸಿಲಿನಲ್ಲಿ 92. ಅದೇ ಕೂಲರ್ ಇಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆ ದುಡಿಯುತ್ತದೆ. ಹಾಗೆಂದು ಸಿಕ್ಕಿದ್ದರಲ್ಲಿ ದೊಡ್ಡದನ್ನೇ ತರಬೇಡಿ. 1.0ರಿಂದ 1.5 ಲೀಟರಿನ ಟರ್ಬೊ ಎಂಜಿನ್ನಿಗೆ 235 ಮಿಲಿಮೀಟರ್ ಅಗಲದ, 13 ಸಾಲಿನ (ಆಯಿಲ್ ಹರಿಯುವ ಕೊಳವೆಗಳ ಸಾಲು) ಕೂಲರ್ ಸಾಕೆಂದು ನನ್ನ ಲೆಕ್ಕ. ಗಾಳಿ ಸರಿಯಾಗಿ ಬಡಿದರೆ 10 ಸಾಲಿನದೇ ಸಾಕಾಗಬಹುದು.

ಆಯಿಲ್ ಕಾಯುವ ತನಕ ಕೂಲರಿನ ದಾರಿ ಮುಚ್ಚಿಡುವ ಥರ್ಮೋಸ್ಟಾಟನ್ನು ಮಾತ್ರ ಬಿಡಲೇಬಾರದು. ಫಿಲ್ಟರಿಗೂ ಎಂಜಿನ್ನಿಗೂ ನಡುವೆ ಕೂರುವ ಸ್ಯಾಂಡ್‌ವಿಚ್ ಪ್ಲೇಟಿನಲ್ಲೇ ಅದು ಬರುತ್ತದೆ. ಸಾಮಾನ್ಯವಾಗಿ 80 ಡಿಗ್ರಿಯ ಹೊತ್ತಿಗೆ ತೆರೆಯುತ್ತದೆ. ಅದಿಲ್ಲದ ಅಗ್ಗದ ಪ್ಲೇಟ್ ಹಾಕಿದರೆ ಡಿಸೆಂಬರ್ ಬೆಳಗಿನಲ್ಲಿ ಕಚೇರಿಗೆ ಹೋಗುವಷ್ಟು ಹೊತ್ತಿಗೂ ಆಯಿಲ್ ಬೆಚ್ಚಗಾಗುವುದಿಲ್ಲ. ವರ್ಷದಲ್ಲಿ ನಾಲ್ಕು ದಿನದ ಟ್ರ್ಯಾಕಿಗಾಗಿ ಉಳಿದ ದಿನಗಳೆಲ್ಲ ಎಂಜಿನ್ ಸವೆಸಿದಂತಾಗುತ್ತದೆ. ಪ್ಲೇಟ್ ಕೊಳ್ಳುವ ಮುನ್ನ ಫಿಲ್ಟರಿನ ಮರೆಯ (ತಿರುಪಿನ ಥ್ರೆಡ್ಡಿನ) ಅಳತೆ ನೋಡಿಕೊಳ್ಳಿ. ಎಂ20 ಮರೆಯೂ ಮುಕ್ಕಾಲು ಇಂಚಿನ ಮರೆಯೂ ಕಣ್ಣಿಗೆ ಒಂದೇ ತರಹ ಕಾಣುತ್ತವೆ, ಆದರೆ ಒಂದಕ್ಕೊಂದು ಕೂರುವುದಿಲ್ಲ.

ಅಳವಡಿಕೆಯಲ್ಲಿ ಮೇಸ್ತ್ರಿಗಳು ಬಹುಪಾಲು ಸೋಲುವುದು ಗಾಳಿಯ ವಿಷಯದಲ್ಲಿ. ಬಂಪರಿನ ಹಿಂದೆ ಜಾಗವಿದೆ ಎಂದು ಅಲ್ಲಿಗೆ ಬಿಗಿದರೆ, ಗಾಳಿ ಸುಲಭದ ದಾರಿ ಹಿಡಿದು ಕೂಲರಿನ ಪಕ್ಕದಿಂದ ಜಾರಿ ಹೋಗುತ್ತದೆ. ಬಂಪರಿನ ಬಾಯಿಯಿಂದ ಕೂಲರಿನ ಅಂಚಿನವರೆಗೆ ಅಲ್ಯೂಮಿನಿಯಂ ತಗಡಿನ ಕಾಲುವೆ ಮಾಡಿಸಿ, ಸಂದುಗಳನ್ನು ಫೋಮಿನಿಂದ ಮುಚ್ಚಿಸಿ. ಬಂದ ಗಾಳಿ ಹೊರಹೋಗಲು ಚಕ್ರದ ಕಮಾನಿನೊಳಗೆ ಕಿಂಡಿ ಇರಲಿ. ಕಾಲುವೆಯಿರುವ ಚಿಕ್ಕ ಕೂಲರ್, ಕಾಲುವೆಯಿಲ್ಲದ ದೊಡ್ಡ ಕೂಲರನ್ನು ಸೋಲಿಸುತ್ತದೆ. ರೇಡಿಯೇಟರಿನ ಮುಂದೆ ಇಟ್ಟರೆ ಆಯಿಲ್ ಬಿಟ್ಟ ಬಿಸಿಯನ್ನೇ ರೇಡಿಯೇಟರ್ ಉಸಿರಾಡಬೇಕು, ಅದೂ ನೆನಪಿರಲಿ. ಪೈಪುಗಳ ಬಾಯಿ ಮೇಲ್ಮುಖವಾಗಿದ್ದರೆ ಒಳಗಿನ ಗಾಳಿ ತಾನಾಗಿ ಹೊರಬರುತ್ತದೆ. ಕೂಲರ್ ಕೂರುವಲ್ಲಿ ರಬ್ಬರ್ ಬುಷ್ ಬೇಕು. ಬಿಗಿಯಾಗಿ ಕಟ್ಟಿದ ಅಲ್ಯೂಮಿನಿಯಂ ಅದುರಿ ಅದುರಿ ಬಿರಿಯುತ್ತದೆ.

ಪೈಪಿನ ಮಾತು ಇನ್ನೂ ಉಳಿದಿದೆ. ಉಕ್ಕಿನ ತಂತಿ ಹೆಣೆದ ಪೈಪು ನೋಡಲು ಚೆಂದ, ಸ್ವಭಾವದಲ್ಲಿ ಗರಗಸ. ನನ್ನದೇ ಕಾರಿನಲ್ಲಿ ಅದು ಎರಡೇ ಟ್ರ್ಯಾಕ್ ದಿನಗಳಲ್ಲಿ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕನ್ನು ಅರ್ಧ ಕೊಯ್ದಿತ್ತು. ಬಂಪರ್ ಬಿಚ್ಚಿದ್ದು ಬೇರೆ ಕೆಲಸಕ್ಕೆಂದು, ಹಾಗಾಗಿ ಕಣ್ಣಿಗೆ ಬಿತ್ತು. ಉಜ್ಜುವ ಕಡೆಯಲ್ಲೆಲ್ಲ ರಬ್ಬರ್ ತೋಳು ಹಾಕಿಸಿ, ರಬ್ಬರ್ ಒಳಪದರದ ಕ್ಲಿಪ್ಪಿನಿಂದ ಹಿಡಿಸಿ. ಫಿಟ್ಟಿಂಗ್ ಬಿಗಿಯುವಾಗ ಕೂಲರಿನ ಬಾಯಿಯನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಬಾಯಿಯೇ ತಿರುಚಿಕೊಳ್ಳುತ್ತದೆ. ಅಲ್ಲಿಗೆ ಟೆಫ್ಲಾನ್ ಟೇಪ್ ಸುತ್ತಲು ಬಿಡಬೇಡಿ. ಸೋರಿಕೆ ತಡೆಯುವುದು ಫಿಟ್ಟಿಂಗಿನ ಓರೆ ಮುಖವೇ ಹೊರತು ಮರೆಯಲ್ಲ, ಟೇಪಿನ ಚೂರು ಆಯಿಲ್ ದಾರಿಗೆ ಸೇರುವುದೊಂದೇ ಲಾಭ. ಪೈಪ್ ಸಡಿಲಿ ಟ್ರ್ಯಾಕ್ ಮೇಲೆ ಆಯಿಲ್ ಚೆಲ್ಲಿದರೆ ಹಿಂದೆ ಬರುವವರಿಗೆ ಜಾರಿಕೆಯ ಎಚ್ಚರಿಕೆ ಕೊಡುವ ಹಳದಿ-ಕೆಂಪು ಪಟ್ಟೆಯ ಬಾವುಟ, ನಿಮಗೆ ಕಾರು ಕೆಟ್ಟಿದೆ, ಟ್ರ್ಯಾಕ್ ಬಿಟ್ಟು ಬನ್ನಿ ಎನ್ನುವ ಕಿತ್ತಳೆ ಚುಕ್ಕೆಯ ಕಪ್ಪು ಬಾವುಟ. ಹಳೆಯ ಕೂಲರ್ ಕೊಳ್ಳುವ ಆಸೆಯೂ ಬೇಡ. ಎಂಜಿನ್ ಸಿಡಿದ ಕಾರಿನದಾಗಿದ್ದರೆ ಅದರ ಸಾಲುಗಳಲ್ಲಿ ಸಿಕ್ಕಿಕೊಂಡ ಲೋಹದ ಪುಡಿ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಫ್ಯೂಯಲ್ ಪಂಪಿನ ಫ್ಯೂಸ್ ತೆಗೆದು, ಆಯಿಲ್ ದೀಪ ಆರುವ ತನಕ ಬಿಟ್ಟು ಬಿಟ್ಟು ಕ್ರ್ಯಾಂಕ್ ಮಾಡಿ. ಆಮೇಲೆ ಫ್ಯೂಸ್ ಮತ್ತೆ ಹಾಕಿ ಎಂಜಿನ್ ಓಡಿಸಿ, ಥರ್ಮೋಸ್ಟಾಟ್ ತೆರೆಯುವಷ್ಟು ಬಿಸಿಯಾದ ನಂತರ ನಿಲ್ಲಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ತಣ್ಣಗಿದ್ದಾಗ ನೋಡಿದರೆ ಕೂಲರಿನೊಳಗೆ ಇನ್ನೂ ಆಯಿಲ್ ಹೋಗಿಯೇ ಇರುವುದಿಲ್ಲ, ಮಟ್ಟ ಸರಿಯಿದೆಯೆಂದೇ ತೋರುತ್ತದೆ.