ಮಳೆಗಾಲದ ಕೆಮ್ಮು: ಮಗುವಿನ ಉಸಿರನ್ನು ಎಣಿಸಿ

ಶಾಲೆಗಳು ತೆರೆದು, ಮೃಗಶಿರ ಮಳೆ ಹಿಡಿದು ಎರಡು ವಾರ ಕಳೆಯುವಷ್ಟರಲ್ಲಿ ಮಲೆನಾಡಿನ ಮಕ್ಕಳ ವೈದ್ಯರ ಚಿಕಿತ್ಸಾಲಯಗಳ ಮುಂದೆ ಕೂರಲು ಜಾಗವಿರುವುದಿಲ್ಲ. ಬಂದವರಲ್ಲಿ ಹೆಚ್ಚಿನವರ ಅಹವಾಲು ಒಂದೇ: ‘ಡಾಕ್ಟ್ರೇ, ಕಫ ಕಟ್ಟಿದೆ, ಎದೆ ಗೊರಗೊರ ಅನ್ನುತ್ತೆ, ಸ್ವಲ್ಪ ಸ್ಟ್ರಾಂಗ್ ಸಿರಪ್ ಬರೆದುಕೊಡಿ.’ ಕೆಮ್ಮಿನ ಸದ್ದು ತಂದೆತಾಯಿಯರನ್ನು ಹೆದರಿಸುತ್ತದೆ, ಅದು ಸಹಜ. ಆದರೆ ನಿಜವಾಗಿ ಗಮನಿಸಬೇಕಾದದ್ದು ಸದ್ದನ್ನಲ್ಲ, ಉಸಿರಿನ ವೇಗವನ್ನು. ಅದನ್ನು ಅಳೆಯುವ ವಿಧಾನವನ್ನು ಪ್ರತಿ ಮನೆಯಲ್ಲೂ ಒಬ್ಬರಾದರೂ ಕಲಿತಿರಬೇಕು.

ಈ ಕಾಲದ ನೆಗಡಿ ಕೆಮ್ಮಿಗೆ ಬಹುಪಾಲು ವೈರಸ್‌ಗಳೇ ಕಾರಣ. ಮಳೆಯ ಎರಚಲಿಗೆ ಕಿಟಕಿ ಮುಚ್ಚಿದ ತರಗತಿಯಲ್ಲಿ ಮಕ್ಕಳು ಒತ್ತೊತ್ತಾಗಿ ಕೂರುವುದರಿಂದ ಒಬ್ಬರ ಸೀನು ಇನ್ನೊಬ್ಬರ ಮೂಗಿಗೆ ತಲುಪುವುದು ಸುಲಭವಾಗುತ್ತದೆ. ಅಂಗನವಾಡಿಗೋ ಎಲ್‌ಕೆಜಿಗೋ ಹೊಸದಾಗಿ ಸೇರಿದ ಆರೋಗ್ಯವಂತ ಮಗುವಿಗೂ ವರ್ಷಕ್ಕೆ 6ರಿಂದ 8 ಸಲ ನೆಗಡಿಯಾಗಬಹುದು. ಜ್ವರ ಮೂರ್ನಾಲ್ಕು ದಿನಗಳಲ್ಲಿ ಬಿಟ್ಟರೂ ಕೆಮ್ಮು ಎರಡು ವಾರ, ಕೆಲವೊಮ್ಮೆ ಮೂರು ವಾರ ಉಳಿಯುತ್ತದೆ. ಸಿಂಬಳ ಹಳದಿಗೋ ಹಸಿರಿಗೋ ತಿರುಗಿದ ಮಾತ್ರಕ್ಕೆ ಆಂಟಿಬಯಾಟಿಕ್ ಬೇಕೆಂದು ಅರ್ಥವಲ್ಲ. ವೈರಸ್ ಮೇಲೆ ಆ ಔಷಧಿ ಕೆಲಸ ಮಾಡುವುದಿಲ್ಲ, ಬದಲಿಗೆ ಮಗುವಿಗೆ ಭೇದಿಯನ್ನು ತಂದಿಡಬಹುದು. ಬೆನ್ನ ಮೇಲೆ ಕೈಯಿಟ್ಟಾಗ ತಾಯಂದಿರಿಗೆ ಸಿಗುವ ಆ ‘ಗೊರಗೊರ’ ಸಾಮಾನ್ಯವಾಗಿ ಮೂಗು ಮತ್ತು ಗಂಟಲಿನಲ್ಲಿ ನಿಂತ ಸಿಂಬಳದ್ದೇ ಹೊರತು ಶ್ವಾಸಕೋಶದ್ದಲ್ಲ.

ಹಾಗಾದರೆ ನ್ಯುಮೋನಿಯಾ ಎಂಬ ಅನುಮಾನ ಬರಬೇಕಾದದ್ದು ಯಾವಾಗ? ವಿಶ್ವ ಆರೋಗ್ಯ ಸಂಸ್ಥೆಯ ಕ್ರಮವನ್ನೇ ನಮ್ಮ ಆಶಾ ಕಾರ್ಯಕರ್ತೆಯರಿಗೂ ಕಲಿಸಲಾಗುತ್ತದೆ, ಮತ್ತು ಅದಕ್ಕೆ ಸೆಕೆಂಡ್ ಮುಳ್ಳಿರುವ ಗಡಿಯಾರ ಅಥವಾ ಮೊಬೈಲ್ ಫೋನ್ ಬಿಟ್ಟು ಬೇರೇನೂ ಬೇಡ. ಮಗು ನಿದ್ದೆಯಲ್ಲಿರುವಾಗ, ಇಲ್ಲವೇ ಅಳದೆ ತೊಡೆಯ ಮೇಲೆ ಶಾಂತವಾಗಿ ಮಲಗಿರುವಾಗ ಅಂಗಿಯನ್ನು ಎದೆಯವರೆಗೆ ಎತ್ತಿ, ಹೊಟ್ಟೆ ಮತ್ತು ಪಕ್ಕೆ ಸೇರುವ ಜಾಗದ ಮೇಲೆ ಕಣ್ಣಿಡಬೇಕು. ಹೊಟ್ಟೆ ಒಮ್ಮೆ ಮೇಲೆದ್ದು ಇಳಿದರೆ ಅದು ಒಂದು ಉಸಿರು. ಎಳೆಯ ಮಕ್ಕಳು ನಾಲ್ಕಾರು ಉಸಿರು ಬೇಗಬೇಗ ಎಳೆದು ನಂತರ ತುಸು ತಡೆಯುವುದುಂಟು. ಆದ್ದರಿಂದ ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಆತುರ ಬೇಡ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಮೈ ಕಾದಿದ್ದಾಗ ಉಸಿರು ತಾನಾಗಿಯೇ ಹೆಚ್ಚುತ್ತದೆ, ಹಾಗಾಗಿ ಜ್ವರ ಇಳಿದ ಮೇಲೆ ಇನ್ನೊಮ್ಮೆ ಎಣಿಸುವುದು ಒಳ್ಳೆಯದು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರಾಟ, ಅಂದೇ ವೈದ್ಯರಿಗೆ ತೋರಿಸಬೇಕು.

ಎಣಿಸುವಾಗಲೇ ಇನ್ನೊಂದನ್ನೂ ನೋಡಿ. ಉಸಿರೆಳೆದುಕೊಂಡಾಗ ಎದೆ ಉಬ್ಬಬೇಕು. ಅದರ ಬದಲು ಕೆಳಗಿನ ಪಕ್ಕೆ ಪ್ರತಿ ಸಲವೂ ಒಳಕ್ಕೆ ಎಳೆದುಕೊಳ್ಳುತ್ತಿದ್ದರೆ, ಮೂಗಿನ ಹೊಳ್ಳೆಗಳು ಅರಳುತ್ತಿದ್ದರೆ, ಮಗು ನರಳುತ್ತಾ ಉಸಿರು ಬಿಡುತ್ತಿದ್ದರೆ, ತುಟಿ ನೀಲಿಗಟ್ಟಿದ್ದರೆ ಅಥವಾ ಹಾಲು ಕುಡಿಯಲೂ ಆಗದಷ್ಟು ಸೋತಿದ್ದರೆ ಬೆಳಗಾಗುವವರೆಗೆ ಕಾಯುವಂತಿಲ್ಲ. ರಾತ್ರಿ ಫೋನ್ ಮಾಡುವ ತಾಯಿಯೊಬ್ಬರು ‘ತುಂಬಾ ಕೆಮ್ಮುತ್ತಿದೆ’ ಎಂದಷ್ಟೇ ಹೇಳಿದರೆ ವೈದ್ಯರಿಗೆ ಏನೂ ತಿಳಿಯದು. ‘ಒಂದೂವರೆ ವರ್ಷದ ಮಗು, ನಿದ್ದೆಯಲ್ಲಿ ನಿಮಿಷಕ್ಕೆ 32 ಉಸಿರು, ಪಕ್ಕೆ ಎಳೆಯುತ್ತಿಲ್ಲ, ಹಾಲು ಕುಡಿದಿದೆ’ ಎಂದರೆ ಆ ಮಳೆಯಲ್ಲಿ, ಆ ಘಾಟಿಯ ರಸ್ತೆಯಲ್ಲಿ ಹೊರಡಬೇಕೋ ಬೇಡವೋ ಎಂಬುದನ್ನು ಇಬ್ಬರೂ ಸೇರಿ ನಿರ್ಧರಿಸಬಹುದು.

ಸಾಮಾನ್ಯ ನೆಗಡಿಯೆಂದು ಖಚಿತವಾದರೆ ಮಾಡಬೇಕಾದದ್ದು ಬಹಳ ಕಡಿಮೆ. ಕಟ್ಟಿದ ಮೂಗಿಗೆ ಔಷಧಿ ಅಂಗಡಿಯಲ್ಲಿ ಸಿಗುವ ಸಲೈನ್ ಹನಿ, ಮೊಲೆಹಾಲು, ಬಿಸಿ ಗಂಜಿ, ತಿಳಿಸಾರು, ಬೇಕಾದಷ್ಟು ನಿದ್ದೆ ಇಷ್ಟೇ ಸಾಕು. ವರ್ಷ ತುಂಬಿದ ಮಗುವಿಗೆ ಮಲಗುವ ಮುನ್ನ ಅರ್ಧ ಚಮಚ ಜೇನುತುಪ್ಪ ಕೊಡಬಹುದು. ವರ್ಷದೊಳಗೆ ಕೊಡಲೇಬಾರದು, ಏಕೆಂದರೆ ಅದರಲ್ಲಿರಬಹುದಾದ ಬೊಟುಲಿಸಂ ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಎಳೆಯ ಕರುಳು ತಡೆಯಲಾರದು. ಕೆಮ್ಮಿನ ಸಿರಪ್ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಸಿರಪ್ ಕುಡಿದು ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಸಿರಪ್ ಕೊಡಬಾರದೆಂದು ಆಗ ಕೇಂದ್ರ ಆರೋಗ್ಯ ಇಲಾಖೆ ಸ್ಪಷ್ಟವಾಗಿ ಹೇಳಿತು. ಕಲಬೆರಕೆಯಿಲ್ಲದ ಸಿರಪ್ ಕೂಡ ಈ ವಯಸ್ಸಿನಲ್ಲಿ ಮಂಪರು ತರುತ್ತದೆಯೇ ವಿನಾ ಕಾಯಿಲೆಯನ್ನು ಒಂದು ದಿನವೂ ಕಡಿಮೆ ಮಾಡುವುದಿಲ್ಲ.

ಅಜ್ಜಿಯರ ಮದ್ದಿನ ಬಗ್ಗೆ ನನಗೆ ತಾತ್ಸಾರವಿಲ್ಲ. ದೊಡ್ಡ ಮಕ್ಕಳಿಗೆ ಖಾರ ಹೆಚ್ಚಿಲ್ಲದ ಶುಂಠಿ ಕಷಾಯವಾಗಲಿ, ದೊಡ್ಡಪತ್ರೆಯ ತಂಬುಳಿಯಾಗಲಿ ಕೊಡುವುದಕ್ಕೆ ಅಡ್ಡಿಯಿಲ್ಲ. ಆದರೆ ಮೂಗಿಗೆ ಎಣ್ಣೆ ಬಿಡುವುದು ಬೇಡ, ಅದು ಶ್ವಾಸಕೋಶಕ್ಕೆ ಇಳಿದು ಅಲ್ಲೇ ಉಳಿದು ನ್ಯುಮೋನಿಯಾ ತರಬಹುದು. ಕೂಸಿನ ಎದೆಗೆ ಕರ್ಪೂರ ತಿಕ್ಕುವುದೂ ಬೇಡ, ಮೈಗೆ ಸೇರಿದ ಕರ್ಪೂರದಿಂದ ಫಿಟ್ಸ್ ಬರಬಹುದು. ಎರೆದ ಮೇಲೆ ಹಾಕುವ ಸಾಂಬ್ರಾಣಿ ಧೂಪ, ರಾತ್ರಿಯಿಡೀ ಉರಿಯುವ ಸೊಳ್ಳೆಬತ್ತಿ, ಸಮವಸ್ತ್ರ ಒಣಗಲೆಂದು ಕಟ್ಟಿದ ಹಗ್ಗದ ಕೆಳಗೆ ಹಸಿ ಸೌದೆಯಲ್ಲಿ ಹೊಗೆಯಾಡುವ ಬಚ್ಚಲ ಒಲೆ, ಇವೆಲ್ಲ ಮಳೆಗಾಲದ ಮುಚ್ಚಿದ ಮನೆಯಲ್ಲಿ ಮಗುವಿನ ಶ್ವಾಸನಾಳವನ್ನು ಕೆಣಕುತ್ತವೆ. ಕೆಮ್ಮು ಬಿಡದ ಎಷ್ಟೋ ಮಕ್ಕಳ ಮನೆಯವರಿಗೆ ನಾನು ಔಷಧಿ ಚೀಟಿಗಿಂತ ಮೊದಲು ಹೇಳುವುದು, ಮಗು ಮಲಗುವ ಕೋಣೆಯನ್ನು ಹೊಗೆಯಿಂದ ದೂರವಿಡಿ ಎಂದು.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಅದರ ಪ್ರಮಾಣ ವಯಸ್ಸಿನ ಲೆಕ್ಕವಲ್ಲ, ತೂಕದ ಲೆಕ್ಕ: ಒಂದು ಸಲಕ್ಕೆ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ. ಬಾಟಲಿಯ ಮೇಲಿನ ಸಣ್ಣಕ್ಷರವನ್ನು ಓದಲೇಬೇಕು. 10 ಕಿಲೋ ತೂಕದ ಮಗುವಿಗೆ 150 ಮಿಲಿಗ್ರಾಂ ಕೊಡುವುದಾದರೆ, 5 ಎಂ.ಎಲ್.ಗೆ 125 ಮಿಲಿಗ್ರಾಂ ಇರುವ ಸಿರಪ್‌ನಲ್ಲಿ ಅದು 6 ಎಂ.ಎಲ್., 250 ಇರುವ ಸಿರಪ್‌ನಲ್ಲಿ 3 ಎಂ.ಎಲ್., ಒಂದು ಎಂ.ಎಲ್.ಗೆ 100 ಇರುವ ಡ್ರಾಪ್ಸ್‌ನಲ್ಲಿ ಒಂದೂವರೆ ಎಂ.ಎಲ್. ಮಾತ್ರ. ಅಣ್ಣನ ಬಾಟಲಿಯಿಂದ ತಂಗಿಗೆ ಅಂದಾಜಿನ ಮೇಲೆ ಕುಡಿಸುವ ಮನೆಗಳಲ್ಲಿ ಅನಾಹುತವಾಗುವುದು ಇಲ್ಲಿಯೇ. ಡೆಂಗ್ಯೂ ಇರುವ ಊರಿನಲ್ಲಿ ಐಬುಪ್ರೊಫೆನ್, ಮೆಫೆನಮಿಕ್ ಆಮ್ಲ ಬೆರೆತ ಜ್ವರದ ಸಿರಪ್‌ಗಳನ್ನು ಕೇಳಿ ಪಡೆಯಬೇಡಿ, ಅವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಡೆಂಗ್ಯೂವಿನಲ್ಲಿ ಜ್ವರ ಇಳಿಯುವ ಮೂರರಿಂದ ಏಳನೆಯ ದಿನದ ನಡುವೆಯೇ ಕಾಯಿಲೆ ಬಿಗಡಾಯಿಸಬಹುದು. ಜ್ವರ ಬಿಟ್ಟರೂ ಹೊಟ್ಟೆನೋವು, ನಿಲ್ಲದ ವಾಂತಿ, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಮಳೆಗಾಲಕ್ಕೆ ಮುಂಚೆ ಮನೆಯಲ್ಲಿರುವ ತಾಯಿ ಕಾರ್ಡನ್ನು ತೆಗೆದು ನೋಡಿ. ಒಂದೂವರೆ ಮತ್ತು ಮೂರೂವರೆ ತಿಂಗಳಲ್ಲಿ, ಮತ್ತೆ ಒಂಬತ್ತನೆಯ ತಿಂಗಳಲ್ಲಿ ಹಾಕುವ ನ್ಯುಮೋಕಾಕಲ್ ಲಸಿಕೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ನ್ಯುಮೋನಿಯಾ ತರುವ ಇನ್ನೊಂದು ಬ್ಯಾಕ್ಟೀರಿಯಾ ಹಿಬ್, ಅದರ ವಿರುದ್ಧದ ಲಸಿಕೆ ಐದು ರೋಗಗಳಿಗೆ ಒಂದೇ ಚುಚ್ಚುಮದ್ದಾದ ಪೆಂಟಾವೇಲೆಂಟ್‌ನಲ್ಲೇ ಸೇರಿದೆ. ಒಂಬತ್ತನೆಯ ತಿಂಗಳ ಡೋಸು ತವರಿನಿಂದ ಗಂಡನ ಮನೆಗೆ ಮರಳುವ ಗಡಿಬಿಡಿಯಲ್ಲಿ ತಪ್ಪಿಹೋಗಿರುವುದು ಸಾಮಾನ್ಯ, ತಡವಾದರೂ ಅದನ್ನು ಹಾಕಿಸಬಹುದೇ ಎಂದು ಆರೋಗ್ಯ ಕೇಂದ್ರದಲ್ಲಿ ಕೇಳಿ. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಎಣಿಕೆ, ಸಿರಪ್ ಯಾವುದಕ್ಕೂ ಕಾಯದೆ ನೇರವಾಗಿ ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿ ಮಗುವನ್ನು ಎದೆಗವಚಿ ಬೆಚ್ಚಗಿಡಿ, ಕುಡಿಯುವಷ್ಟು ಎಚ್ಚರವಿದ್ದರೆ ಮೊಲೆಹಾಲು ಕೊಡುತ್ತಿರಿ.